ಹಿಟ್ಟಿನ ಮಿಲ್ಲಿನ ತೀರ್ಪುಗಾರರು

ಮಿಲ್ಲಣ್ಣನ ಕಿವಿಗಳ ಮೇಲೆ ಯಾವಾಗಲೂ ರಾಗಿಹಿಟ್ಟು ಕೂತಿರುತ್ತಿತ್ತು. ಹುಬ್ಬು, ರೆಪ್ಪೆ, ಮೀಸೆ ಎಲ್ಲಕ್ಕೂ ಹಿಟ್ಟು ಹತ್ತುತ್ತಿತ್ತು ನಿಜ, ಆದರೆ ಟವೆಲಿನಿಂದ ಮುಖ ಒರೆಸಿಕೊಳ್ಳುವಾಗ ಅವರು ಕಿವಿಯನ್ನು ಮಾತ್ರ ಮರೆಯುತ್ತಿದ್ದರು. ಕಪ್ಪು ಮುಖದ ಎರಡು ಪಕ್ಕದಲ್ಲಿ ಬೂದುಬಣ್ಣದ ಕಿವಿಗಳು, ಬೇರೆ ಯಾರದನ್ನೋ ತಂದು ಅಂಟಿಸಿದಂತೆ ಕಾಣುತ್ತಿದ್ದವು. ಮೆಣಸಿನಕಾಯಿ ಬೀಸುವ ದಿನ ಅವೇ ಕಿವಿಗಳು ಕೆಂಪಗಾಗುತ್ತಿದ್ದವು. ಅವರ ಹೆಸರು ಊರಿನಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಮದ್ದೂರಿನ ಹತ್ತಿರದ ನಮ್ಮ ಕೊಪ್ಪದಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದವರು, ಆದ್ದರಿಂದ ಮಿಲ್ಲಣ್ಣ.

ನಾನು ಹುಟ್ಟು ಪುಕ್ಕಲಿ. ಚಿಕ್ಕವಳಿದ್ದಾಗ ರಾಗಿ ಡಬ್ಬ ಹೊತ್ತು ಆ ಮಿಲ್ಲಿಗೆ ಹೋಗುವುದೆಂದರೆ ನೂರು ನೆಪ ಹೇಳುತ್ತಿದ್ದೆ. ಮೋಟರಿನಿಂದ ಬೀಸುವ ಕಲ್ಲಿಗೆ ಹೋಗುವ ಅಗಲವಾದ ಬೆಲ್ಟು ಪಟಪಟನೆ ಹೊಡೆದುಕೊಳ್ಳುತ್ತ ಓಡುತ್ತಿತ್ತು. ಲಂಗದ ತುದಿ ಸಿಕ್ಕಿದರೂ ಸಾಕು, ಮನುಷ್ಯರನ್ನೇ ಎಳೆದುಕೊಂಡುಬಿಡುತ್ತದೆ ಎಂದು ಅವ್ವ ಹೇಳಿ ಹೇಳಿ ಹೆದರಿಸಿದ್ದಳು. ಮಕ್ಕಳು ಬೆಲ್ಟಿನ ಹತ್ತಿರ ಸುಳಿಯದಿರಲೆಂದು ಮಿಲ್ಲಣ್ಣ ಮುಂದಿನ ಜಗಲಿಯಲ್ಲಿ ಒಂದು ಹಳೇ ಟಿ.ವಿ. ಇಟ್ಟು ಅದಕ್ಕೆ ವಿಡಿಯೋ ಗೇಮು ಸಿಕ್ಕಿಸಿದ್ದರು. ಹಿಟ್ಟಾಗುವ ತನಕ ಅಲ್ಲೇ ಆಡಿಕೊಂಡಿರಬೇಕು. ನನಗೆ ಆಟ ಬರುತ್ತಿರಲಿಲ್ಲ, ಮೊದಲನೇ ಗುಂಡಿಯಲ್ಲೇ ಬಿದ್ದು ಸಾಯುತ್ತಿದ್ದೆ. ಆದರೆ ಆಟದ ಹಿಂದೆ ಕುಣಿಯುತ್ತಿದ್ದ ಸಂಗೀತ ಮನೆಗೆ ಬಂದ ಮೇಲೂ ತಲೆಯಿಂದ ಇಳಿಯುತ್ತಿರಲಿಲ್ಲ.

ಒಂದು ಸಂಜೆ ಕರೆಂಟು ಹೋಗಿ ಮಿಲ್ಲು ನಿಂತಿತ್ತು. ಒಳಕೋಣೆಯಿಂದ ಅದೇ ಸಂಗೀತ ಹಾರ್ಮೋನಿಯಂನಲ್ಲಿ ಕೇಳಿಬಂತು. ಮಿಲ್ಲಣ್ಣನ ಅಪ್ಪ ಸುತ್ತಲ ಹಳ್ಳಿಗಳ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ಮೇಷ್ಟ್ರಾಗಿದ್ದವರು, ಪೆಟ್ಟಿಗೆ ಅವರದ್ದು. ಟಿ.ವಿ.ಯಲ್ಲಿ ಕುಣಿಯುತ್ತಿದ್ದ ಟ್ಯೂನು ಮಿಲ್ಲಣ್ಣನ ಕೈಯಲ್ಲಿ ನಿಧಾನವಾಗಿ, ನಾಟಕದಲ್ಲಿ ಮಗನನ್ನು ಕಳೆದುಕೊಂಡ ತಾಯಿ ಹಾಡುವಂತೆ ಅಳುತ್ತಿತ್ತು. ಒಂದೇ ಟ್ಯೂನು ಹೀಗೂ ಆಗಬಹುದೆಂದು ತಿಳಿದು ನನಗೆ ಖುಷಿಗಿಂತ ಹೆಚ್ಚಾಗಿ ದಿಗಿಲಾಯಿತು. ಡಬ್ಬ ಬಿಟ್ಟು ಮನೆಗೆ ಓಡಿದ್ದೆ.

ಊರಿಗೆ ಇಂಟರ್ನೆಟ್ಟು ಬಂದ ಮೇಲೆ, ಈ ಹುಚ್ಚು ತಮಗೊಬ್ಬರಿಗೇ ಅಲ್ಲವೆಂದು ಅವರಿಗೆ ಗೊತ್ತಾಯಿತು. ವಿಡಿಯೋ ಗೇಮಿನ ಸಂಗೀತವನ್ನು ತಮ್ಮ ತಮ್ಮ ವಾದ್ಯಕ್ಕೆ ಒಗ್ಗಿಸಿ, ಹೊಸದಾಗಿ ಜೋಡಿಸಿ ನುಡಿಸುವವರು ಎಲ್ಲೆಲ್ಲೂ ಇದ್ದರು. ಮಂಡ್ಯದಲ್ಲಿ ಕಂಪ್ಯೂಟರ್ ಪಾಠ ಮಾಡುವ ಒಬ್ಬ ಲೆಕ್ಚರರು ಮತ್ತು ಮಳವಳ್ಳಿಯ ಒಬ್ಬ ಬಸ್ ಕಂಡಕ್ಟರು, ಇವರ ಜತೆ ಸೇರಿ ಮಿಲ್ಲಣ್ಣ ಒಂದು ವೆಬ್‌ಸೈಟು ಶುರುಮಾಡಿದರು. ಯಾರು ಬೇಕಾದರೂ ತಮ್ಮ ಜೋಡಣೆಯನ್ನು ಕಳಿಸಬಹುದು, ಚೆನ್ನಾಗಿದ್ದರೆ ಎಲ್ಲರೂ ಕೇಳಲು, ಇಳಿಸಿಕೊಳ್ಳಲು ಅದನ್ನು ಅಲ್ಲಿ ಹಾಕುವುದು. ಆ ಹೊತ್ತಿಗೆ ಮದ್ದೂರಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ನಾನೂ ಕಂಪ್ಯೂಟರಿನಲ್ಲಿ ಜೋಡಿಸಿ ಒಂದು ಕಳಿಸಿದೆ. ತಿರಸ್ಕೃತವಾಯಿತು. ಮಿಲ್ಲಣ್ಣ ಎದುರಿಗೇ ಹೇಳಿದರು: "ತಾಯಿ ಮೊಕ ಕಾಣ್ತಾ ಅದೆ ಕಣವ್ವ. ಮಗಿನ ಮೊಕ ಎಲ್ಲದೆ?" ಮೂಲವೂ ಗುರುತು ಸಿಗಬೇಕು, ಮಾಡಿದವರದ್ದೂ ಏನಾದರೂ ಇರಬೇಕು ಎನ್ನುವುದು ಅವರ ಲೆಕ್ಕ. ನಾನು ಎರಡು ದಿನ ಅತ್ತೆ. ಮೂರನೇ ದಿನ ಕರೆದು, ಕೇಳುವ ಕಿವಿ ನಿನಗಿದೆ, ತೀರ್ಪುಗಾರಳಾಗು ಎಂದರು.

ಹೀಗೆ ತೀರ್ಪು ಕೊಡುವವರು ಮೂವರಾದೆವು: ಮಿಲ್ಲಣ್ಣ, ಕಂಡಕ್ಟರು, ನಾನು. ಲೆಕ್ಚರರು ಕಳಿಸಿದವರ ಹೆಸರು ಮುಚ್ಚಿಟ್ಟು ಸಂಗೀತವನ್ನಷ್ಟೇ ನಮಗೆ ದಾಟಿಸುತ್ತಿದ್ದರು. ನಮ್ಮಲ್ಲೇ ಯಾರಾದರೂ ಕಳಿಸಿದರೆ ಅವರ ಬದಲು ತಾವೇ ಗುಟ್ಟಾಗಿ ಓಟು ಹಾಕುತ್ತಿದ್ದರು. ಎರಡು ಓಟು ಬಿದ್ದರೆ ಪಾಸು. ಕಟ್ಟಳೆಗಳನ್ನೆಲ್ಲ ಮಾಡಿದವರು ಮಿಲ್ಲಣ್ಣ. ಒಂದೊಂದನ್ನೂ ಮೂರು ಸಲ ಕೇಳಬೇಕು: ಹೆಡ್‌ಫೋನಿನಲ್ಲಿ ಒಮ್ಮೆ, ಬಸ್ಸಿನಲ್ಲಿ ಹೋಗುತ್ತ ಒಮ್ಮೆ, ಪಕ್ಕದ ಕೋಣೆಯಲ್ಲಿ ನಿಂತು ಒಮ್ಮೆ. ಬರೀ 'ಇಲ್ಲ' ಅನ್ನುವ ಹಾಗಿಲ್ಲ, ಕಾರಣ ಬರೆಯಬೇಕು. ಬರೆದ ಮೇಲೆ ತಿದ್ದುವ ಹಾಗಿಲ್ಲ. ಈ ಕೊನೆಯದನ್ನು ಮಾಡಿದ್ದು ಕಂಡಕ್ಟರಿಂದಾಗಿ. ಒಮ್ಮೆ ಅವರು ತಮ್ಮ ಭಾಮೈದನದ್ದೆಂದು ಗೊತ್ತಾದ ಮೇಲೆ ರಾತ್ರೋರಾತ್ರಿ 'ಇಲ್ಲ'ವನ್ನು 'ಸರಿ' ಮಾಡಿದ್ದರು.

ಭಾನುವಾರ ಮಿಲ್ಲಿಗೆ ರಜ. ನಿಂತ ಬೆಲ್ಟಿನ ಪಕ್ಕದಲ್ಲಿ ಖಾಲಿ ಗೋಣಿಚೀಲ ಹಾಸಿಕೊಂಡು ನಾಲ್ವರೂ ಕೂರುತ್ತಿದ್ದೆವು. ಲೆಕ್ಚರರು ವಾರದ ತೀರ್ಪುಗಳನ್ನು ಗಟ್ಟಿಯಾಗಿ ಓದುತ್ತಿದ್ದರು, ಆಮೇಲೆ ಹೆಸರು ಬಿಚ್ಚುತ್ತಿದ್ದರು. ಬರೆದವರು ಯಾರೆಂದು ಹೇಳದಿದ್ದರೂ ಬರವಣಿಗೆಯಲ್ಲೇ ಗೊತ್ತಾಗುತ್ತಿತ್ತು. ಮಿಲ್ಲಣ್ಣನದ್ದು ಹಿಟ್ಟಿನ ಭಾಷೆ, "ಇನ್ನೂ ತರಿ ಅದೆ, ಇನ್ನೊಂದ್ಸಲ ಆಕು." ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕಾಣದ ಹಿಟ್ಟನ್ನು ಉಜ್ಜುತ್ತ ಕೇಳುತ್ತಿದ್ದರು. ನಾನು ಏನಾದರೂ ಸಡಿಲವಾಗಿ ಬರೆದಿದ್ದರೆ ಆ ಬೆರಳುಗಳು ನಿಲ್ಲುತ್ತಿದ್ದವು. ಭಾನುವಾರ ಬಂತೆಂದರೆ ನನಗೆ ದಿಗಿಲು. ಹೆದರಿಕೊಂಡೇ ಬರೆಯುತ್ತಿದ್ದೆ, ಹೆದರಿಕೊಂಡೇ ಕಲಿತೆ.

ಒಂದು ವಾರ ಒಂದು ಜೋಡಣೆ ಬಂತು. ಗುಹೆಯೊಳಗೆ ನಡೆಯುವ ಯಾವುದೋ ಆಟದ ಸಂಗೀತ. ಕಂಪ್ಯೂಟರಿನಲ್ಲಿ ಕೂಡಿಸಿದ ಪಿಟೀಲು, ಕೊಳಲು, ಅವುಗಳ ಕೆಳಗೆ ಮೈಕಿಟ್ಟು ಹಿಡಿದ ನಿಜವಾದ ತಮಟೆ. ಜೋಡಣೆ ಸೊಗಸಾಗಿತ್ತು. ಆದರೆ ಮೊದಲಿಂದ ಕೊನೆಯವರೆಗೆ ಸಣ್ಣದೊಂದು ಸಿಳ್ಳೆ ಸೇರಿಕೊಂಡಿತ್ತು, ಕಿವಿಯ ಹತ್ತಿರ ಸೊಳ್ಳೆ ಬಂದ ಹಾಗೆ. ರೆಕಾರ್ಡು ಮಾಡುವಾಗ ಯಾವುದೋ ಯಂತ್ರದ ಸದ್ದು ಮೈಕಿಗೆ ಸಿಕ್ಕಿರಬೇಕು. ನನಗೆ ಆಗ ಬರೆಯುವ ಚಪಲ ಹೆಚ್ಚಿತ್ತು. ಮಿಲ್ಲಣ್ಣ ಮೆಚ್ಚಲೆಂದು ಖಾರವಾಗಿ ಬರೆದೆ: "ಇಲ್ಲ. ಜೋಡಣೆ ಚೆನ್ನಾಗಿದೆ, ಆದರೆ ಉದ್ದಕ್ಕೂ ಒಂದು ಸಿಳ್ಳೆ ಚುಚ್ಚುತ್ತದೆ. ಕಿವಿ ಇದ್ದವರು ಯಾರೂ ಇದನ್ನು ಹೀಗೆ ಕಳಿಸುವುದಿಲ್ಲ."

ಶುಕ್ರವಾರ ಸಂಜೆ ಮದ್ದೂರಿನಿಂದ ಬಂದವಳು ಹಿಟ್ಟು ತರಲು ಮಿಲ್ಲಿಗೆ ಹೋದೆ. ಕೆಲಸ ಮುಗಿದಿತ್ತು. ಮಿಲ್ಲಣ್ಣ ಗೋಡೆಗೊರಗಿ, ಹೆಡ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ ಏನನ್ನೋ ಕೇಳುತ್ತಿದ್ದರು. ಸದ್ದು ಎಷ್ಟು ಜೋರಾಗಿ ಇಟ್ಟಿದ್ದರೆಂದರೆ ಬಾಗಿಲಲ್ಲಿ ನಿಂತ ನನಗೂ ಕೇಳುತ್ತಿತ್ತು. ತಮಟೆ, ಕೊಳಲು, ಅದರ ಮೇಲೆ ಆ ಸಿಳ್ಳೆ. ಅವರ ಮುಖದಲ್ಲಿ ನಗು ಇತ್ತು. ನನ್ನನ್ನು ಕಂಡು ಗಡಿಬಿಡಿಯಿಂದ ನಿಲ್ಲಿಸಿದರು, ತಮ್ಮದೇ ಹೊಸ ಕೆಲಸವೆಂದು ಹೇಳುವ ಹಾಗಿರಲಿಲ್ಲವಲ್ಲ. ತೀರ್ಪಿಗೆಂದು ಕೇಳುತ್ತಿದ್ದರೆ ಹೀಗೆ ಬಚ್ಚಿಡುತ್ತಿರಲಿಲ್ಲ, ನನಗೆ ಎಲ್ಲ ಗೊತ್ತಾಯಿತು. ಇದು ಅವರದ್ದು, ಮತ್ತು ಅವರಿಗೆ ಆ ಸಿಳ್ಳೆ ಕೇಳುತ್ತಿಲ್ಲ. ಹಿಟ್ಟಿನ ಡಬ್ಬ ಮರೆತು ಬಾಗಿಲತ್ತ ತಿರುಗಿದೆ. ಜ್ವರವೇನವ್ವ ಎಂದು ಕೇಳಿದರು. ಹೌದೆಂದೆ.

ಮನೆಗೆ ಬಂದವಳೇ ಲೆಕ್ಚರರಿಗೆ ಫೋನ್ ಮಾಡಿ, ನನ್ನ ತೀರ್ಪನ್ನು ಅಳಿಸಿಬಿಡಿ ಎಂದು ಬೇಡಿಕೊಂಡೆ. "ನಂಗೂ ಕೇಳುಸ್ತು ಕಣಮ್ಮ," ಎಂದರು ಅವರು. "ಅವ್ರದು ಅಂತ ಗೊತ್ತಿತ್ತಲ್ಲ, ಬರೆಯಕ್ಕೆ ಧೈರ್ಯ ಬರ್ನಿಲ್ಲ. ಸರಿ ಅಂತ ಓಟು ಆಕ್ಬುಟ್ಟೆ." ಅಳಿಸಲು ಮಾತ್ರ ಒಪ್ಪಲಿಲ್ಲ. ಮಿಲ್ಲಣ್ಣನ ಕಟ್ಟಳೆಯನ್ನು ಮಿಲ್ಲಣ್ಣನಿಗಾಗಿಯೇ ಮುರಿದರೆ ಅವರು ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದರು. ಅದು ನಿಜವಾಗಿತ್ತು. ಶನಿವಾರ ನಾನು ಅಂಗಡಿಯಲ್ಲಿ ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡುವುದರಲ್ಲಿದ್ದೆ, ಪುಣ್ಯಕ್ಕೆ ಮಾಲೀಕರು ನೋಡಿದರು. ಮೊದಲೇ ಹೋಗಿ ಹೇಳಿಬಿಡೋಣವೆಂದು ಸಂಜೆ ಎರಡು ಸಲ ಮಿಲ್ಲಿನ ತಿರುವಿನ ತನಕ ನಡೆದು ಎರಡು ಸಲವೂ ವಾಪಸು ಬಂದೆ.

ಭಾನುವಾರ ಲೆಕ್ಚರರು ಓದಿದರು. ಒಂದು 'ಸರಿ', ತಮಟೆ ಚೆನ್ನಾಗಿದೆ. ಇನ್ನೊಂದು 'ಸರಿ', ಕಾರಣ ಅರ್ಧ ಸಾಲು. ಆಮೇಲೆ ನನ್ನದು. 'ಕಿವಿ ಇದ್ದವರು' ಎನ್ನುವಲ್ಲಿ ಅವರ ದನಿ ಕುಗ್ಗಿತು, ಆದರೂ ಪೂರ್ತಿ ಓದಿದರು. ಮಿಲ್ಲಣ್ಣನ ಬೆರಳುಗಳು ನಿಂತವು.

"ಎಲ್ಲದವ್ವ ಸಿಳ್ಳೆ?" ನೇರ ನನ್ನನ್ನೇ ಕೇಳಿದರು. ನಾನು ಕಂಪ್ಯೂಟರಿನ ಕಡೆ ಕೈ ತೋರಿಸಿದೆ. ಅವರೇ ಎದ್ದು ಹೋಗಿ ಕಂಪ್ಯೂಟರನ್ನು ದೊಡ್ಡ ಸ್ಪೀಕರಿಗೆ ಸಿಕ್ಕಿಸಿ ಹಾಕಿದರು. ಕಂಡಕ್ಟರು ಕಿವಿಗೆ ಬೆರಳು ಇಟ್ಟುಕೊಂಡು, ತಪ್ಪಾಯಿತೆಂದು ತಿಳಿದು, ಕಿವಿ ಕೆರೆದುಕೊಳ್ಳುವವರಂತೆ ನಟಿಸಿದರು. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಹೊರಗೆ ಹೋಯಿತು. ಮಿಲ್ಲಣ್ಣ ಸಂಗೀತ ಕೇಳಲಿಲ್ಲ, ನಮ್ಮ ಮುಖಗಳನ್ನೇ ನೋಡುತ್ತ ನಿಂತಿದ್ದರು.

"ಈಗ್ಲೂ ಬತ್ತಾ ಅದಾ?"

"ಬತ್ತಾ ಅದೆ ಅಣ್ಣ."

ಅವರ ಮುಖದಲ್ಲಿ ನಾನು ಭಯ ಕಂಡದ್ದು ಅದೇ ಮೊದಲು. ನನ್ನ ಭಯ ಅದರ ಮುಂದೆ ಏನೂ ಅಲ್ಲ. ಎಷ್ಟು ವರ್ಷದಿಂದ ಎಷ್ಟು ಜನಕ್ಕೆ ಸುಳ್ಳು ತೀರ್ಪು ಕೊಟ್ಟಿದ್ದೇನೋ ಎಂದು ತಮಗೆ ತಾವೇ ಹೇಳಿಕೊಂಡರು. ಎರಡು ಓಟು ಬಿದ್ದಿದೆ, ಪಾಸಾಗಿದೆ ಎಂದು ಕಂಡಕ್ಟರು ಮೆಲ್ಲಗೆ ನೆನಪಿಸಿದಾಗ ತಲೆಯಾಡಿಸಿದರು. "ಬ್ಯಾಡ. ಕೇಳೋ ಕಿವೀದು ಒಂದೇ ಓಟು. ಅದು ಇಲ್ಲ ಅಂದದೆ." ಅಲ್ಲೇ ವಾಪಸು ತೆಗೆದುಕೊಂಡರು. ನನ್ನ ಮೇಲೆ ಸಿಟ್ಟಾಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು.

ಮಂಡ್ಯದಲ್ಲಿ ಡಾಕ್ಟರು ಪರೀಕ್ಷೆ ಮಾಡಿ, ಮೂವತ್ತು ವರ್ಷದ ಮಿಲ್ಲಿನ ಸದ್ದು ಕಿವಿಯನ್ನು ತಿಂದಿದೆ, ತೆಳುವಾದ ಸದ್ದುಗಳು ಇನ್ನು ಕೇಳುವುದಿಲ್ಲ ಎಂದರು. ಮಿಲ್ಲಣ್ಣ ಅವತ್ತೇ ತೀರ್ಪುಗಾರಿಕೆಯನ್ನು ಲೆಕ್ಚರರಿಗೆ ಬಿಟ್ಟರು. ಆದರೆ ಸುಮ್ಮನೆ ಬಿಡಲಿಲ್ಲ. ತಾವು ಓಟು ಹಾಕಿದ್ದನ್ನೆಲ್ಲ ಹೊಸದರಿಂದ ಹಿಂದಕ್ಕೆ ನನ್ನ ಕೈಲಿ ಮತ್ತೆ ಕೇಳಿಸಿದರು. ತಪ್ಪಾಗಿದೆ ಎಂದು ನಾನು ಹೇಳಿದ ಕಡೆಯಲ್ಲೆಲ್ಲ, ಗುರುತು ಪರಿಚಯವಿಲ್ಲದ ಊರುಗಳ ಹುಡುಗರಿಗೆ, ನಿನ್ನದನ್ನು ನಾನು ಸರಿಯಾಗಿ ಕೇಳಲಿಲ್ಲ, ಕ್ಷಮಿಸು ಎಂದು ಒಬ್ಬೊಬ್ಬರಿಗೂ ಬರೆದರು.

ನನಗೆ ಬೇರೆ ಹೆದರಿಕೆ ಹಿಡಿದುಕೊಂಡಿತು. ಬೆಲ್ಟು ಜಾರುವ ಮುಂಚೆ ಸಣ್ಣಗೆ ಕಿರುಗುಟ್ಟುತ್ತದೆ. ಮಿಲ್ಲಿನವರು ಆ ಸದ್ದು ಕೇಳಿಯೇ ಕೈ ಹಿಂದಕ್ಕೆ ಎಳೆದುಕೊಳ್ಳುವುದು. ಅದೂ ಅವರಿಗೆ ಎಷ್ಟು ದಿನದಿಂದ ಕೇಳುತ್ತಿರಲಿಲ್ಲವೋ. ಅವರ ಹೆಂಡತಿ, ನನ್ನ ಬಾಯಲ್ಲಿ ಅತ್ತಿಗೆ, ಅವತ್ತಿನಿಂದ ಮಿಲ್ಲು ಓಡುವಾಗೆಲ್ಲ ಪಕ್ಕದಲ್ಲಿ ನಿಂತಿರುತ್ತಿದ್ದರು. ಕಿರುಗುಟ್ಟಿದರೆ ಅತ್ತಿಗೆ ಕೈ ಎತ್ತಬೇಕು, ಮಿಲ್ಲಣ್ಣ ನಿಲ್ಲಿಸಬೇಕು. ರಜೆಯ ದಿನ ನಾನು ಮನೆಯಲ್ಲಿದ್ದರೆ ಮಿಲ್ಲಿನ ಸದ್ದು ಶುರುವಾಗಿ ನಿಲ್ಲುವ ತನಕ ನನಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ಜೋಡಣೆಯನ್ನು ಅವರು ಬಿಡಲಿಲ್ಲ. ಸದ್ದನ್ನು ಪರದೆಯ ಮೇಲೆ ಚಿತ್ರವಾಗಿ ತೋರಿಸುವ ಒಂದು ಉಪಾಯವನ್ನು ಲೆಕ್ಚರರು ಹೇಳಿಕೊಟ್ಟರು. ಮೇಲುಗಡೆ ಗೆರೆಯ ಹಾಗೆ ಕಾಣುತ್ತಿದ್ದ ಸಿಳ್ಳೆಯನ್ನು ಮಿಲ್ಲಣ್ಣ ಕಣ್ಣಿನಿಂದ ಹುಡುಕಿ ಕತ್ತರಿಸಿ, ತಿಂಗಳುಗಳ ನಂತರ ಮತ್ತೆ ಕಳಿಸಿದರು. ಸಿಳ್ಳೆ ಹೋಗಿತ್ತು. ಅದರ ಜತೆ ಕೊಳಲಿನ ಉಸಿರೂ ತಮಟೆಯ ಚುರುಕೂ ಹೋಗಿದ್ದವು. ಇಷ್ಟರಲ್ಲಿ ಹಿಟ್ಟಿನ ದೂಳು ಎದೆಗಿಳಿದು ಅವರಿಗೆ ಉಬ್ಬಸ ಹತ್ತಿತ್ತು, ನಾಲ್ಕು ಹೆಜ್ಜೆಗೆ ಒಮ್ಮೆ ಕೂರುತ್ತಿದ್ದರು. ಈ ಸ್ಥಿತಿಯಲ್ಲಿ 'ಇಲ್ಲ' ಎಂದು ಬರೆಯುವುದು ಹೇಗೆಂದು ನಾನು ವಾರವಿಡೀ ಒದ್ದಾಡಿದೆ. ಅವರಿಗೆ ಸುಳಿವು ಸಿಕ್ಕಿರಬೇಕು, ಮನೆಗೇ ಹೇಳಿಕಳಿಸಿ ಕರೆಸಿಕೊಂಡರು. "ಸಾಯ್ತಾನೆ ಅಂತ ಓಟು ಆಕ್ಬ್ಯಾಡ ಕಣವ್ವ. ಅದು ನಂಗೆ ಮಾಡೋ ಅವಮಾನ." ಬರೆದೆ. ಅವರು ಮತ್ತೆ ವಾಪಸು ತೆಗೆದುಕೊಂಡರು.

ಹೋದ ವರ್ಷ ಅವರು ಹೋದರು. ತಿಥಿ ಕಳೆದ ಮೇಲೆ ಅತ್ತಿಗೆ ಒಂದು ಪೆನ್‌ಡ್ರೈವನ್ನು ಸೆರಗಿನ ಗಂಟಿನಿಂದ ಬಿಚ್ಚಿ ನನ್ನ ಕೈಲಿಟ್ಟರು. ಅದರಲ್ಲಿ ಆ ಜೋಡಣೆಯ ಮೂರನೇ ರೂಪವಿತ್ತು. ಹೆಸರು ಮುಚ್ಚಿಡುವ ಕಟ್ಟಳೆಯೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಪಾಲಿಸಿದೆವು. ನಾನು ಮೂರು ಸಲ ಕೇಳಿದೆ. ಮೊದಲ ಸಲ ಅಳುವಿನಲ್ಲಿ ಏನೂ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಕೇಳುವಾಗ ಗೊತ್ತಾಯಿತು. ಪಕ್ಕದ ಕೋಣೆಯಲ್ಲಿ ನಿಂತಾಗ ಖಾತ್ರಿಯಾಯಿತು. ಬಹಳ ಸುಧಾರಿಸಿತ್ತು, ತಮಟೆ ಜೀವಂತವಾಗಿತ್ತು, ಆದರೆ ಕೊಳಲು ಇನ್ನೂ ಕಂಬಳಿಯೊಳಗಿಂದ ಕೇಳಿಸುತ್ತಿತ್ತು. ಇಲ್ಲ ಎಂದು ಬರೆದೆ, ಕಾರಣವನ್ನೂ ಬರೆದೆ. ಬರೆಯುವಾಗ ಯಾರೋ ನೋಡುತ್ತಿದ್ದಾರೆಂಬಂತೆ ಎರಡು ಸಲ ಹಿಂದೆ ತಿರುಗಿದ್ದೆ.

ಭಾನುವಾರ ಮಿಲ್ಲಿನಲ್ಲಿ ಲೆಕ್ಚರರು ಓದಿದರು. ಕಂಡಕ್ಟರದ್ದು ಸರಿ, ಲೆಕ್ಚರರದ್ದು ಸರಿ, ನನ್ನದು ಇಲ್ಲ. ಎರಡು ಓಟಿಗೆ ಪಾಸು. ವಾಪಸು ತೆಗೆದುಕೊಳ್ಳಲು ಮಿಲ್ಲಣ್ಣ ಇರಲಿಲ್ಲ. ಅದು ವೆಬ್‌ಸೈಟಿನಲ್ಲಿದೆ, ಎಲ್ಲೆಲ್ಲಿಯವರೋ ಕೇಳುತ್ತಿದ್ದಾರೆ, ಹಂಚಿಕೊಳ್ಳುತ್ತಿದ್ದಾರೆ.

ಅತ್ತಿಗೆ ಗೋಡೆಗೊರಗಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಉಳಿದವರು ಹೊರಟ ಮೇಲೆ ಅವರ ಮುಖ ನೋಡಲಾಗದೆ, ತಲೆ ತಗ್ಗಿಸಿ, ಇಲ್ಲ ಅಂದದ್ದು ನಾನೇ, ಬೈಯುವುದಾದರೆ ಬೈಯಿರಿ ಎಂದೆ. ಇಷ್ಟು ವರ್ಷ ಆ ಮನುಷ್ಯನಿಗೆ ನಾನು ಎಷ್ಟು ಹೆದರಿದ್ದೆ ಎನ್ನುವುದನ್ನೂ ಹೇಳಿಕೊಂಡೆ. ಅತ್ತಿಗೆ ಗೋಣಿಚೀಲ ಮಡಿಸುತ್ತಿದ್ದರು.

"ನೀನಾ ಎದರ್ತಿದ್ದವ್ಳು?" ಎಂದರು. "ಭಾನ್ವಾರ ನೀನು ಬತ್ತೀಯ ಅಂದ್ರೆ ಅವ್ರಿಗೆ ಬೆಳಿಗ್ಗೆ ಒಂದು ತುತ್ತು ಮುದ್ದೆ ಇಳೀತಿರ್ನಿಲ್ಲ ಕಣವ್ವ."