ಅರೆಕಾಲಿಕ ಸಿಸ್ಟರಿನ ಪೂರ್ತಿ ಸಿಟ್ಟು

ಸುಟ್ಟಗಾಯದ ವಾರ್ಡಿನಲ್ಲಿ ಅವಳನ್ನು ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಅವಳು ಬಾಗಿಲಲ್ಲಿ ಕಾಣಿಸಿಕೊಂಡರೆ ಎಳೆಯ ಡಾಕ್ಟರುಗಳು ಮೊಬೈಲನ್ನು ಜೇಬಿಗೆ ಇಳಿಸುತ್ತಿದ್ದರು. ಅದೇ ಹೆಂಗಸು ತನ್ನ ಪಿಎಚ್‌ಡಿ ಗೈಡಿನ ಬಾಗಿಲು ತಟ್ಟಿದರೆ ಒಳಗಿನಿಂದ ಬರುತ್ತಿದ್ದ ಉತ್ತರ ಒಂದೇ: "ಯಾರು? ಓ, ನಮ್ಮ ಪಾರ್ಟ್‌ಟೈಮಾ? ಸ್ವಲ್ಪ ಹೊರಗಡೆ ಇರಿ."

ಪಾರ್ಟ್‌ಟೈಮಂತೆ! ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಲೈಬ್ರರಿ, ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಕಡೆ ತರಕಾರಿ, ಇನ್ನೊಂದು ಕಡೆ ಲ್ಯಾಪ್‌ಟಾಪು. ಭಾನುವಾರಗಳೂ ಅದಕ್ಕೇ ಹೋದವು. ಇದರಲ್ಲಿ ಅರ್ಧ ಎಲ್ಲಿತ್ತೋ ಆ ಪುಣ್ಯಾತ್ಮನೇ ಹೇಳಬೇಕು.

ಅವಳ ಸಂಶೋಧನೆ ಹುಟ್ಟಿದ್ದು ವಾರ್ಡಿನಲ್ಲೇ. ಸುಟ್ಟಗಾಯದ ಮೇಲಿನ ಪಟ್ಟಿ ಬಿಚ್ಚುವಾಗ ರೋಗಿಗೆ ಜೀವ ಬಾಯಿಗೆ ಬರುತ್ತದೆ. ನರ್ಸುಗಳು "ಆಯ್ತು ಆಯ್ತು, ಇನ್ನೊಂದೇ ನಿಮಿಷ" ಎಂದು ಸುಳ್ಳು ಹೇಳುತ್ತಲೇ ಕೆಲಸ ಮುಗಿಸುತ್ತಾರೆ. ಅವಳು ಬೇರೆ ದಾರಿ ಹಿಡಿದಳು. "ಸಾಕು ಅನ್ನಿಸಿದ್ರೆ ಸಾಕು ಅನ್ನಿ, ನಾನು ಕೈ ನಿಲ್ಲಿಸ್ತೀನಿ" ಎಂದು ಮೊದಲೇ ಮಾತು ಕೊಟ್ಟು, ಹಾಗೆಯೇ ನಿಲ್ಲಿಸಿದಳು. ಮಾತು ಕೊಟ್ಟಲ್ಲಿ ಜನ ಸಾಕು ಎನ್ನುವುದೇ ಅಪರೂಪ. ನೋವು ತಡೆದುಕೊಳ್ಳುವ ಧೈರ್ಯ ಅವರಿಗೆ ಎಲ್ಲಿಂದಲೋ ಬರುತ್ತದೆ. ಅದನ್ನು ವರ್ಷಗಟ್ಟಲೆ ನೋಡಿ, ಅಳೆದು, ಬರೆದಳು.

ಗೈಡು ಅದರ ಒಂದು ಸಾಲನ್ನೂ ಓದಲಿಲ್ಲ. ಆದರೆ ಅವಳನ್ನು ಮನೆಗೆ ಕರೆಸುವುದು ಮಾತ್ರ ತಪ್ಪಲಿಲ್ಲ. "ಸಿಸ್ಟರ್, ಹೇಗೂ ಈ ಕಡೆ ಬರ್ತೀರಲ್ಲ, ಅಮ್ಮನಿಗೆ ಬಿ.ಪಿ. ನೋಡಿ ಹೋಗಿ." ಅವಳು ಹೋಗಿ ಬಿ.ಪಿ. ನೋಡುವಳು, ಆ ಮುದುಕಿಯ ಕಾಲಿಗೆ ಮುಲಾಮು ತಿಕ್ಕುವಳು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ನೋಡಿದರೆ, ಹೋದ ತಿಂಗಳು ಕೊಟ್ಟ ಅಧ್ಯಾಯ ಚಪ್ಪಲಿ ಸ್ಟ್ಯಾಂಡಿನ ಮೇಲೆ, ಇಟ್ಟ ಕಡೆಯೇ ಧೂಳು ತಿನ್ನುತ್ತಿರುತ್ತಿತ್ತು. ಮೈಯೆಲ್ಲ ಉರಿಯುತ್ತಿತ್ತು. ಹಲ್ಲು ಕಚ್ಚಿಕೊಂಡು ಬಸ್ಸು ಹತ್ತುತ್ತಿದ್ದಳು.

ಹೀಗೇ ಏಳು ವರ್ಷ ಸವೆದು, ನೋಂದಣಿಯ ಅವಧಿ ಮುಗಿಯುವ ವಾರ ಬಂತು. ಅಷ್ಟರೊಳಗೆ ಸಮಿತಿಯ ಮುಂದೆ ಅಂತಿಮ ಸೆಮಿನಾರ್ ಕೊಟ್ಟು ಸೈ ಎನ್ನಿಸಿಕೊಳ್ಳದಿದ್ದರೆ ಎಲ್ಲವೂ ನೀರಿನಲ್ಲಿ ಹೋಮ. ಗೈಡು ಅದನ್ನು ಎರಡು ಸಲ ಮುಂದೂಡಿದ್ದ, ಒಮ್ಮೆ ಯಾರದೋ ಮದುವೆಗೆ, ಇನ್ನೊಮ್ಮೆ ಕಾರಣ ಹೇಳುವ ಸೌಜನ್ಯವೂ ಇಲ್ಲದೆ. ಉಳಿದದ್ದು ಶುಕ್ರವಾರ ಮಾತ್ರ.

ಆ ವಿಭಾಗದಲ್ಲಿ ಒಂದು ಪದ್ಧತಿ. ಸೆಮಿನಾರ್ ಕೊಡುವವರೇ ಸಮಿತಿಗೆ ಚಹಾ ತಿಂಡಿ ತರಬೇಕು. ಯಾವ ನಿಯಮದಲ್ಲೂ ಇಲ್ಲ, ಆದರೂ ತರದೆ ಬಂದವರಿಲ್ಲ. ಅವಳ ಗಂಡ ಬೇಕರಿಯೊಂದರ ವ್ಯಾನು ಓಡಿಸುತ್ತಿದ್ದ. ಕೇಕಿನ ಡಬ್ಬ, ಚಹಾದ ದೊಡ್ಡ ಫ್ಲಾಸ್ಕು ಎರಡನ್ನೂ ಮಹಡಿ ಹತ್ತಿಸಿಕೊಟ್ಟು, "ಕೆಳಗೇ ಇರ್ತೀನಿ, ಹೆದರಬೇಡ" ಎಂದು ಇಳಿದುಹೋದ.

ಸಮಿತಿ ಬಂದು ಕೂತಿತು. ಅವಳು ಲ್ಯಾಪ್‌ಟಾಪಿಗೆ ಕೈ ಹಾಕುತ್ತಿದ್ದಂತೆ ಗೈಡು, "ಮೊದಲು ಎಲ್ಲರಿಗೂ ಚಹಾ, ಕೇಕು ಕೊಡಿ ಸಿಸ್ಟರ್" ಎಂದ. ಕೊಟ್ಟಳು. ಇನ್ನೊಂದು ಸುತ್ತು ಎಂದ. ಅದೂ ಆಯಿತು. ಮಾತು ಯಾರದೋ ಬಡ್ತಿಗೆ ಹೋಯಿತು, ಅಲ್ಲಿಂದ ಪಾರ್ಕಿಂಗ್ ಜಾಗಕ್ಕೆ ಬಂತು. ಆಮೇಲೆ ಗೈಡು ಗೋಡೆಯ ಗಡಿಯಾರ ನೋಡಿ ನಾಲಿಗೆ ಕಚ್ಚಿಕೊಂಡ.

"ಅಯ್ಯೋ, ನಾಲ್ಕಕ್ಕೆ ಈ ರೂಮು ಬೇರೆಯವರಿಗೆ ಬಿಟ್ಟುಕೊಡಬೇಕು. ಒಂದ್ ಕೆಲಸ ಮಾಡೋಣ. ನೀವು ಕೇಕ್ ಕೊಡ್ತಾ ಇರಿ, ನಮ್ಮ ಹುಡುಗ ನಿಮ್ಮ ಸ್ಲೈಡು ಪಟಪಟ ಓದಿಬಿಡ್ತಾನೆ."

ಹುಡುಗ ಎಂದರೆ ಗೈಡಿನ ಮುದ್ದಿನ ಪೂರ್ಣಾವಧಿ ವಿದ್ಯಾರ್ಥಿ, ಮೂವತ್ತು ದಾಟಿದವನು. ವಾರ್ಡಿನ ಮೆಟ್ಟಿಲನ್ನೂ ತುಳಿದವನಲ್ಲ. ಆಗಲೇ ಎದ್ದು ಕೈ ಒರೆಸಿಕೊಳ್ಳುತ್ತಿದ್ದ.

ಏಳು ವರ್ಷ ಬಾಯಿ ಮುಚ್ಚಿಕೊಂಡಿದ್ದವಳ ಗಂಟಲಿನಿಂದ ಆ ಗಳಿಗೆಯಲ್ಲಿ ಬಂದದ್ದು ವಿದ್ಯಾರ್ಥಿನಿಯ ದನಿಯಲ್ಲ, ವಾರ್ಡಿನ ದನಿ. ಆಪರೇಷನ್ನಿಗೆ ಹೋಗಬೇಕಾದ ರೋಗಿ ಕದ್ದು ಬಿಸ್ಕತ್ತು ತಿನ್ನುವುದನ್ನು ಹಿಡಿದಾಗ ಬರುವ ದನಿ.

"ತಟ್ಟೆ ಕೊಡಿ. ಎಲ್ಲರೂ."

ಫ್ಲಾಸ್ಕು ಕೆಳಗಿಟ್ಟು ಒಂದು ಕಡೆಯಿಂದ ತಟ್ಟೆ ಕಿತ್ತುಕೊಳ್ಳುತ್ತ ಬಂದಳು. ಗೈಡಿನ ಕೈಯಲ್ಲಿ ಕಚ್ಚಿದ ಕೇಕಿತ್ತು, ಅದನ್ನೂ ಬಿಡಲಿಲ್ಲ. "ನಾನು ಮಾತಾಡಿ ಮುಗಿಸೋವರೆಗೆ ಯಾರೂ ಏನೂ ತಿನ್ನೋ ಹಾಗಿಲ್ಲ. ನೀನು ಕೂತ್ಕೋ" ಎಂದಳು ಪೂರ್ಣಾವಧಿಯವನಿಗೆ. ಅವನು ಕೂತ.

ಸಮಿತಿಯ ಅಧ್ಯಕ್ಷೆ, ಬೇರೆ ವಿಶ್ವವಿದ್ಯಾಲಯದಿಂದ ಬಂದಿದ್ದ ಹಿರಿಯ ಹೆಂಗಸು, ತಮ್ಮ ತಟ್ಟೆಯನ್ನು ತಾವೇ ಮುಂದೆ ಚಾಚಿ, "ಶುರು ಮಾಡಮ್ಮಾ" ಎಂದರು.

ಶುರು ಮಾಡಿದಳು. ಸಿಟ್ಟು ಒಳಗೆ ಕುದಿಯುತ್ತಿದ್ದರೂ ಮಾತು ಎಲ್ಲೂ ಎಡವಲಿಲ್ಲ. ಪ್ರಶ್ನೆ ಕೇಳಿದವರಿಗೆಲ್ಲ ಉತ್ತರ ಸಿಕ್ಕಿತು. ನಾಲ್ಕಕ್ಕೆ ರೂಮು ಬೇಕೆಂದು ಯಾರೂ ಬರಲೇ ಇಲ್ಲ ಎಂಬುದನ್ನೂ ಅವಳು ಗಮನಿಸಿದಳು. ಕೊನೆಗೆ ಅಧ್ಯಕ್ಷೆ ತಮ್ಮ ಸಹಿ ಹಾಕಿ, ಗೈಡಿನ ಕೈಗೂ ಪೆನ್ನು ಕೊಟ್ಟು ಹಾಕಿಸಿ, "ಪಾಸು" ಎಂದರು. ಅವಳೇ ಹೋಗಿ ಎಲ್ಲರ ತಟ್ಟೆ ಎಲ್ಲರಿಗೂ ವಾಪಸು ಕೊಟ್ಟಳು.

ಸಮಿತಿಯವರು ಎದ್ದು ಬಂದು ಕೈ ಕುಲುಕಿದರು. ಯಾರ ಕೈಯನ್ನು? ಗೈಡಿನ ಕೈಯನ್ನು. "ಒಳ್ಳೇ ಕೆಲಸ ಮಾಡಿಸಿದ್ದೀರಿ ಸರ್." ಅವನು ವಿನಯದಿಂದ ತಲೆಬಾಗಿ, "ಏನ್ ಮಾಡೋದು, ಪಾರ್ಟ್‌ಟೈಮ್‌ನವರು. ಒಂದೊಂದು ಪುಟಾನೂ ನಾನೇ ಕೂತು ತಿದ್ದಬೇಕಾಯ್ತು" ಎಂದ. ಬಾಯಲ್ಲಿ ಇನ್ನೂ ಕೇಕಿತ್ತು.

ಅವಳು ಸಾಮಾನು ಹೊತ್ತುಕೊಂಡು ದಡದಡ ಮೆಟ್ಟಿಲಿಳಿದಳು. ಗಂಡ ವ್ಯಾನಿನಿಂದ ಹಾರಿ ಇಳಿದು, "ಏನಾಯ್ತು ಡಾಕ್ಟ್ರೇ?" ಎಂದದ್ದೇ ತಡ, ಅವಳ ಬಾಯಿ ಬಿಚ್ಚಿತು. ಕೇಕು ಒಣಗಿತ್ತು, ಫ್ಲಾಸ್ಕು ಸೋರುತ್ತಿತ್ತು, ವ್ಯಾನು ನಾರುತ್ತಿತ್ತು, ಇವನು ನಿಲ್ಲಿಸಿದ ಜಾಗವೇ ಸರಿಯಿಲ್ಲ. ಪಾಪ, ಆ ಮನುಷ್ಯ ಅಷ್ಟನ್ನೂ ನಿಂತು ಕೇಳಿಸಿಕೊಂಡ. ಮೇಲೆ ನಡೆದದ್ದೆಲ್ಲ ಆಮೇಲೆ ಹೊರಗೆ ಬಂತು.

"ನನಗೆ ಬೈಯೋಕೆ ಇಷ್ಟು ಚೆನ್ನಾಗಿ ಬರುತ್ತಲ್ಲ, ಅವನಿಗೆ ಯಾಕೆ ಏನೂ ಅನ್ನಲಿಲ್ಲ?"

"ಥೀಸಿಸ್ ಕಳಿಸೋಕೆ ಅವನ ಸಹಿ ಇನ್ನೂ ಒಂದು ಕಡೆ ಬೇಕು ರೀ."

"ಹಾಗಾದ್ರೆ ಹತ್ತು, ಮನೆಗೆ ಹೋಗೋಣ" ಎಂದು ಗಂಡ ವ್ಯಾನು ಸ್ಟಾರ್ಟ್ ಮಾಡಿದ. ಅದರಲ್ಲಿ ಚುಚ್ಚುಮಾತೇನೂ ಇರಲಿಲ್ಲ, ಅವನಿಗೆ ನಿಜವಾಗಿಯೂ ಹಸಿವಾಗಿತ್ತು. ಅವಳು ಬಾಗಿಲಿನ ಹಿಡಿ ಹಿಡಿದು ನಿಂತಳು. ಹತ್ತಿ ಕೂತರೆ ಸಹಿ ಸಿಗುತ್ತದೆ, ಡಿಗ್ರಿ ಸಿಗುತ್ತದೆ. ಮತ್ತೆ ಜೀವಮಾನವಿಡೀ ಅದು ಅವನು ತಿದ್ದಿದ್ದು.

"ಆಫ್ ಮಾಡಿ" ಎಂದಳು.

ಸೀಟಿನ ಮೇಲಿದ್ದ ಥೀಸಿಸ್ಸಿನ ಪ್ರತಿ ಎತ್ತಿಕೊಂಡು ಮತ್ತೆ ಮಹಡಿ ಹತ್ತಿದಳು. ಸಮಿತಿ ಇನ್ನೂ ಚದುರಿರಲಿಲ್ಲ. ಗೈಡಿನ ಮುಂದಿನ ತಟ್ಟೆ ಸರಿಸಿ, ಥೀಸಿಸ್ಸನ್ನು ಅಲ್ಲಿಟ್ಟಳು.

"ಸರ್, ಒಂದೊಂದು ಪುಟಾನೂ ತಿದ್ದಿದೆ ಅಂದ್ರಲ್ಲ. ಎಲ್ಲಿ ಏನು ತಿದ್ದಿದ್ರಿ, ಒಂದು ತೋರಿಸಿ ಸಾಕು."

ಗೈಡು ನಕ್ಕ. "ಈಗ್ಯಾಕೆ ಸಿಸ್ಟರ್ ಅದೆಲ್ಲ?" ಎಂದು ಸುತ್ತ ನೋಡಿದ. ಬೇರೆ ಯಾರೂ ನಗಲಿಲ್ಲ. ಅಧ್ಯಕ್ಷೆ ಕಪ್ಪು ಕೆಳಗಿಟ್ಟು ಅವನನ್ನೇ ನೋಡತೊಡಗಿದರು. ಅವನು ಮಧ್ಯದಲ್ಲೆಲ್ಲೋ ತೆರೆದ, ಹಿಂದೆ ಹೋದ, ಮತ್ತೆ ಮುಂದೆ ಬಂದ. ಕಿವಿಗಳು ಕೆಂಪಾದವು.

ಅವಳು ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕೂತಳು.

"ಅವಸರ ಇಲ್ಲ ಸರ್, ಹುಡುಕಿ."