ಲಕ್ಷ್ಮೀದೇವಮ್ಮನ ಯಾತ್ರೆ ಕೂಪನ್

ಸಮೇತನಹಳ್ಳಿಯ ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ದೀಪ ಹತ್ತುತ್ತಿದ್ದದ್ದು ಲಕ್ಷ್ಮೀದೇವಮ್ಮನ ಮನೆಯಲ್ಲಿ. ಅವಳು ಸೊಪ್ಪು ಮಾರುವವಳು. ಹಿಂದಿನ ದಿನ ಸಂಜೆಯೇ ಕಿತ್ತು ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ದಂಟು, ಸಬ್ಬಸಿಗೆ, ಕೊತ್ತಂಬರಿಯನ್ನು ತಲೆಯ ಮೇಲೆ ಹೊತ್ತು, ಹೊಸಕೋಟೆಯ ಮೇಲೆ ಕಲಾಸಿಪಾಳ್ಯಕ್ಕೆ ಹೋಗುವ ಮೊದಲ ಬಸ್ಸಿಗೆ ಓಡುತ್ತಿದ್ದಳು. ಗಂಡ ಕೆಂಪರಾಜ್ ಮದುವೆಯಾದ ಸ್ವಲ್ಪ ವರ್ಷಕ್ಕೇ ಕಾಮಾಲೆಯಾಗಿ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಮೈದುನ ಅಪ್ಪಯ್ಯಣ್ಣನ ಮನೆಯಲ್ಲೇ ಇದ್ದುಕೊಂಡು ಗೇಯುತ್ತಿದ್ದಳು. ಅಪ್ಪಯ್ಯಣ್ಣ ಕೆಟ್ಟವನಲ್ಲ. ಆದರೆ ಸಾಯಂಕಾಲ ಅತ್ತಿಗೆ ಬಂದ ಕೂಡಲೇ ಅವನು ಜಗುಲಿಯ ಮೇಲೆ ಕೂತಿರುತ್ತಿದ್ದ. ಅವಳು ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ ಅಂದಿನ ವ್ಯಾಪಾರದ ದುಡ್ಡನ್ನು ಅವನ ಪಕ್ಕ ಇಟ್ಟು ಒಳಗೆ ಹೋಗುತ್ತಿದ್ದಳು. ಅದು ಆ ಮನೆಯ ಪದ್ಧತಿ. ಯಾರೂ ಮಾಡಿದ್ದಲ್ಲ, ಹಾಗೇ ಆಗಿಬಿಟ್ಟಿತ್ತು.

ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಅಮ್ಮಯಮ್ಮನದು. ಅಮ್ಮಯಮ್ಮ ಅದೇ ಊರಿನ ಕೆಳಗಿನ ಬೀದಿಯವಳು, ಇವಳಿಗಿಂತ ಐದಾರು ವರ್ಷ ದೊಡ್ಡವಳು, ಅವಳದೂ ಸೊಪ್ಪಿನ ವ್ಯಾಪಾರವೇ. ಒಂದೇ ಮಾಲು ಮಾರುವವರು ಸಾಮಾನ್ಯವಾಗಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಇವರಿಬ್ಬರು ಮಾತ್ರ ಮಾರ್ಕೆಟ್ಟಿನಲ್ಲಿ ಒಂದೇ ಗೋಣಿತಾಟು ಹಾಸಿ ಕೂರುತ್ತಿದ್ದರು. ಒಬ್ಬಳದು ಬೇಗ ಖರ್ಚಾದರೆ ಇನ್ನೊಬ್ಬಳ ಸೊಪ್ಪನ್ನೂ ಕೂಗಿ ಮಾರಿಯೇ ಏಳುತ್ತಿದ್ದಳು. ಹಸಿವಾದರೆ ಒಂದು ದೋಸೆ ತರಿಸಿ ಹರಿದುಕೊಂಡು ತಿನ್ನುತ್ತಿದ್ದರು.

ಎಂಬತ್ತೊಂಬತ್ತನೇ ಇಸವಿಯಲ್ಲಿ ಆ ಬಸ್ಸಿನ ಮಾಲೀಕ ಆದಿನಾರಾಯಣಪ್ಪ ಒಂದು ಹೊಸ ಯೋಜನೆ ತಂದ. ಅದೇ ದಾರಿಗೆ ಇನ್ನೊಬ್ಬರ ಬಸ್ಸು ಬಂದಿತ್ತು, ಜನ ಅತ್ತ ವಾಲುತ್ತಿದ್ದರು. ಅವರನ್ನು ಹಿಡಿದಿಟ್ಟುಕೊಳ್ಳಲು ವಾರಕ್ಕೆರಡು ದಿನ ಟಿಕೆಟ್ಟಿನ ಜೊತೆ ಒಂದು ಗುಲಾಬಿ ಬಣ್ಣದ ಕೂಪನ್ ಕೊಡತೊಡಗಿದ. ಆದಿನಾರಾಯಣಪ್ಪನಿಗೆ ಒಂದು ಟೂರಿಸ್ಟ್ ಬಸ್ಸೂ ಇತ್ತು. ಸಂಕ್ರಾಂತಿ ಕಳೆದ ಮೊದಲ ಶುಕ್ರವಾರ ಅದು ಕಲಾಸಿಪಾಳ್ಯದಿಂದ ಕಂಚಿ, ಮಹಾಬಲಿಪುರ, ಮದ್ರಾಸು, ತಿರುಪತಿಗೆ ಯಾತ್ರೆ ಹೊರಡುತ್ತಿತ್ತು. ಇನ್ನೂರು ಕೂಪನ್ ತಂದವರಿಗೆ ಅದರಲ್ಲಿ ಒಂದು ಸೀಟು ಬಿಟ್ಟಿ.

"ಅಮ್ಮಯಕ್ಕ, ನಾನು ಸಮುದ್ರ ನೋಡ್ಬೇಕು," ಎಂದಳು ಲಕ್ಷ್ಮೀದೇವಮ್ಮ ಅವತ್ತೇ. ಕೆಂಪರಾಜ್ ಲಾರಿ ಕ್ಲೀನರ್ ಆಗಿದ್ದಾಗ ಮದ್ರಾಸಿಗೆ ನೀಲಗಿರಿ ಮರ ಸಾಗಿಸುತ್ತಿದ್ದ. ಬಂದಾಗಲೆಲ್ಲ ಸಮುದ್ರದ ಮಾತೇ ಆಡುತ್ತಿದ್ದನಂತೆ.

ಅಮ್ಮಯಮ್ಮ ತನ್ನ ಕೂಪನ್ನನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಬಸ್ಸು ಕೆ.ಆರ್. ಪುರ ದಾಟಿದ ಮೇಲೆ ಮೆಲ್ಲಗೆ ಕೇಳಿದಳು, "ಕಂಚೀಲಿ ಎಷ್ಟೊತ್ತು ನಿಲ್ಲಿಸ್ತಾರಂತೆ?"

ಅವಳು ಯಾಕೆ ಕೇಳಿದಳೆಂದು ಲಕ್ಷ್ಮೀದೇವಮ್ಮನಿಗೆ ಗೊತ್ತಿತ್ತು. ಅಮ್ಮಯಮ್ಮನ ಒಬ್ಬಳೇ ಮಗಳು ಮುನಿಲಕ್ಷ್ಮಿ, ಹೊಸಕೋಟೆಯ ಹತ್ತಿರ ಫ್ಯಾಕ್ಟರಿಯ ಕಾಂಪೌಂಡ್ ಕಟ್ಟಲು ಬಂದಿದ್ದ ತಮಿಳು ಗಾರೆ ಕೆಲಸದವನ ಜೊತೆ ಹೊರಟುಹೋಗಿದ್ದಳು. ಅಪ್ಪ ಮುನಿರಾಮಯ್ಯ ಮಗಳ ಬಟ್ಟೆಬರೆಯನ್ನೆಲ್ಲ ತಿಪ್ಪೆಗೆ ಹಾಕಿ ತಲೆಗೆ ಸ್ನಾನ ಮಾಡಿಕೊಂಡು ಬಂದಿದ್ದ. ಆಮೇಲೆ ಆ ಮನೆಯಲ್ಲಿ ಅವಳ ಹೆಸರು ಎತ್ತುವ ಹಾಗಿರಲಿಲ್ಲ. ಮಾರ್ಕೆಟ್ಟಿಗೆ ಬರುತ್ತಿದ್ದ ಕಂಚಿಯ ಕಡೆಯ ಬಾಳೆಎಲೆ ವ್ಯಾಪಾರಿಯೊಬ್ಬನಿಂದ ಅಮ್ಮಯಮ್ಮನಿಗೆ ಇಷ್ಟು ತಿಳಿದಿತ್ತು: ಮಗಳು ಕಂಚಿಯ ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಕೇರಿಯಲ್ಲಿದ್ದಾಳೆ.

ಇಬ್ಬರೂ ಕೂಡಿಸತೊಡಗಿದರು. ಲಕ್ಷ್ಮೀದೇವಮ್ಮ ಕೂಪನ್ನುಗಳನ್ನು ಒಂದು ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ ರಾಗಿ ತುಂಬಿಡುವ ವಾಡೆಯ ಹಿಂದೆ ಇಡುತ್ತಿದ್ದಳು. ಅಪ್ಪಯ್ಯಣ್ಣ ಒಮ್ಮೆ ಅದನ್ನು ನೋಡಿ, "ಇದೇನತ್ತಿಗೆ, ಮಕ್ಕಳಾಟದ ಚೀಟಿ ಕೂಡಿಸ್ಕೊಂಡಿದ್ದೀಯ?" ಎಂದು ನಕ್ಕು ಹಾಗೇ ಇಟ್ಟಿದ್ದ. ಅವನು ನಕ್ಕದ್ದೇ ಒಳ್ಳೆಯದಾಯಿತು ಎಂದು ಅವಳು ಅಮ್ಮಯಮ್ಮನಿಗೆ ಹೇಳಿದಳು. "ದುಡ್ಡಾಗಿದ್ರೆ ಎತ್ಕೊಳ್ತಿದ್ದ ಕಣಕ್ಕ. ಇದಕ್ಕೆ ಬೆಲೆ ಇಲ್ಲ ಅಂದ್ಕೊಂಡಿದ್ದಾನೆ, ಅದಕ್ಕೇ ಇದು ನನ್ದಾಗಿ ಉಳ್ಕೊಂಡಿದೆ." ಹುಟ್ಟಿದಾಗಿನಿಂದ ತನ್ನದು ಅಂತ ಅವಳಿಗೆ ಇದ್ದದ್ದು ಆ ಬಾಟಲಿ ಒಂದೇ.

ಇನ್ನೇನು ಇಬ್ಬರ ಲೆಕ್ಕವೂ ತುಂಬಬೇಕು ಅನ್ನುವಾಗ ಕೊಲ್ಲಿಯಲ್ಲಿ ಯುದ್ಧವಾಯಿತು, ಡೀಸೆಲ್ ಬೆಲೆ ಏರಿತು. ಆದಿನಾರಾಯಣಪ್ಪ ಬಸ್ಸಿನೊಳಗೆ ಒಂದು ರಟ್ಟು ತೂಗುಹಾಕಿಸಿದ. ಇನ್ನುಮುಂದೆ ಒಂದು ಸೀಟಿಗೆ ಮುನ್ನೂರು. ಕಷ್ಟಪಟ್ಟು ಅದರ ಹತ್ತಿರ ಬಂದಾಗ ಇನ್ನೊಂದು ರಟ್ಟು ಬಂತು, ನಾನೂರು. ಬಸ್ಸಿನ ಜನಕ್ಕೆ ರೇಗಿಹೋಯಿತು. ಕೂಪನ್ನನ್ನು ಕಂಡಕ್ಟರ್ ಪಿಳ್ಳಣ್ಣನ ಮುಂದೆಯೇ ಹರಿದು ಕಿಟಕಿಯಾಚೆ ಎಸೆದರು. ಕೆಲವರು, "ತಗೋಳಮ್ಮ, ನಿನಗಾದ್ರೂ ಆಗ್ಲಿ," ಎಂದು ಈ ಇಬ್ಬರು ಹೆಂಗಸರ ಮಡಿಲಿಗೆ ಹಾಕಿ ಇಳಿಯುತ್ತಿದ್ದರು. ಕೂಪನ್ನಿನ ಬೆಲೆ ಇಳಿದಷ್ಟೂ ಬೇಡವೆನ್ನುವವರು ಹೆಚ್ಚಾದರು. ಇವರ ಬಾಟಲಿ ಮೊದಲಿಗಿಂತ ಬೇಗ ತುಂಬತೊಡಗಿತು. ಪಿಳ್ಳಣ್ಣನೂ ಸೀಟಿನ ಕೆಳಗೆ ಬಿದ್ದದ್ದನ್ನು ಆರಿಸಿ ತಂದುಕೊಡುತ್ತಿದ್ದ.

ತೊಂಬತ್ತೆರಡರ ಧನುರ್ಮಾಸದಲ್ಲಿ ಮತ್ತೆ ರಟ್ಟು ಬದಲಾಗುವುದೆಂದು ಪಿಳ್ಳಣ್ಣ ಮೊದಲೇ ಕಿವಿಗೆ ಹಾಕಿದ. "ಈ ಸಲಾನೇ ಕೊಟ್ಬಿಡ್ರಮ್ಮ. ಮುಂದಿನ ವರ್ಷ ಮದ್ರಾಸು ಗಿದ್ರಾಸು ಏನೂ ಇರಲ್ವಂತೆ, ಬರೀ ತಿರುಪತಿ." ಮಾರ್ಕೆಟ್ಟಿನ ಗೋಣಿತಾಟಿನ ಮೇಲೆ ಇಬ್ಬರೂ ತಮ್ಮ ತಮ್ಮ ಗಂಟು ಬಿಚ್ಚಿ ಎಣಿಸಿದರು. ಎರಡೂ ಸೇರಿದರೆ ಒಂದು ಸೀಟಿಗೆ ಆಗುತ್ತಿತ್ತು, ಎರಡಕ್ಕಿಲ್ಲ.

ಅಮ್ಮಯಮ್ಮ ತನ್ನ ಪಾಲನ್ನು ಇವಳ ಕಡೆ ತಳ್ಳಿದಳು. "ನೀನು ಹೋಗ್ಬಾ. ಸಮುದ್ರ ನೋಡ್ಬೇಕು ಅಂತಿದ್ದೆ."

"ಸಮುದ್ರ ಎಲ್ಲಿಗೂ ಹೋಗಲ್ಲ ಕಣಕ್ಕ. ನಿನ್ನ ಮಗಳನ್ನ ನೋಡಿ ಎಷ್ಟು ವರ್ಷ ಆಯ್ತು?"

"ಅವ್ಳು ನನ್ನ ಮುಖ ನೋಡ್ತಾಳೋ ಇಲ್ವೋ."

"ನೋಡ್ದೆ ಹೋದ್ರೆ ಕಾಮಾಕ್ಷಮ್ಮನಿಗೆ ಕೈ ಮುಗಿದು ಬಂದ್ಬಿಡು. ಅಷ್ಟೇ ತಾನೇ."

ಅಮ್ಮಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕೊತ್ತಂಬರಿ ಕೇಳಲು ಬಂದ ಗಿರಾಕಿ ಸ್ವಲ್ಪ ಹೊತ್ತು ನಿಂತು ಮುಂದೆ ಹೋದ.

ಮುನಿರಾಮಯ್ಯ ಬೇಡವೆನ್ನಲಿಲ್ಲ. ಹೆಂಡತಿ ದುಡ್ಡು ಕೇಳಿದ್ದರೆ ಬಿಡುತ್ತಿರಲಿಲ್ಲ. ಮಗಳನ್ನು ನೋಡಲು ಎಂದಿದ್ದರಂತೂ ಕಾಲು ಮುರಿಯುತ್ತಿದ್ದ. ಆದರೆ ಬಿಟ್ಟಿ ಸಿಕ್ಕಿದ ದೇವರ ಯಾತ್ರೆಯನ್ನು ಯಾವ ಗಂಡ ತಾನೇ ತಡೆಯುತ್ತಾನೆ? ತಿರುಪತಿಯ ಹುಂಡಿಗೆ ಹಾಕೆಂದು ಅವನೇ ಹನ್ನೊಂದು ರೂಪಾಯಿ ಕೊಟ್ಟು ಕಳಿಸಿದ.

ಯಾತ್ರೆ ಬಸ್ಸು ವಾಪಸ್ಸು ಬಂದ ದಿನ ಲಕ್ಷ್ಮೀದೇವಮ್ಮ ಬೇಗ ಸೊಪ್ಪು ಮಾರಿ ಕಾದು ನಿಂತಿದ್ದಳು. ಎಲ್ಲರೂ ಇಳಿದರು. ಅಮ್ಮಯಮ್ಮ ಇಳಿಯಲಿಲ್ಲ.

"ಕಂಚೀಲೇ ಉಳ್ಕೊಂಡ್ಬಿಟ್ರು," ಎಂದ ಡ್ರೈವರ್. "ಎಷ್ಟು ಕರೆದ್ರೂ ಹತ್ತಲಿಲ್ಲ. ಮಗಳಿಗೆ ಹುಷಾರಿಲ್ವಂತೆ. ಲಕ್ಷ್ಮೀಗೆ ಹೇಳ್ಬಿಡಪ್ಪ, ನಾನು ಬರಲ್ಲ ಅಂತ, ಅಂದ್ರು."

ಆ ಸಂಜೆ ಮುನಿರಾಮಯ್ಯ ಅಪ್ಪಯ್ಯಣ್ಣನ ಜಗುಲಿಯ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದ. "ನನ್ನ ಮನೆ ಹಾಳು ಮಾಡ್ದೋಳು ನೀನೇ! ನೀನು ಕೂಪನ್ ಕೊಟ್ಟೆ, ಅವ್ಳು ಹೋದ್ಲು!" ಲಕ್ಷ್ಮೀದೇವಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅಂದಿನಿಂದ ಕೆಳಗಿನ ಬೀದಿಯವರು ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು.

ಅವಳಿಗೆ ಹೊಡೆದದ್ದು ಆ ಬೈಗುಳವಲ್ಲ, ಮಾರನೆಯ ದಿನದ ಬಸ್ಸು. ಅಭ್ಯಾಸಬಲದಿಂದ ಕಿಟಕಿಯ ಕಡೆ ಸರಿದು ಪಕ್ಕದಲ್ಲಿ ಜಾಗ ಬಿಟ್ಟು ಕೂತಳು. ಹೊಸಕೋಟೆಯಲ್ಲಿ ಯಾರೋ ಗಂಡಸು ಹತ್ತಿ ಅಲ್ಲಿ ಕೂರಲು ಹೋದಾಗ, "ಜನ ಇದ್ದಾರೆ," ಎಂದುಬಿಟ್ಟಳು. ಆಮೇಲೆ ಕಲಾಸಿಪಾಳ್ಯ ಬರುವವರೆಗೂ ಅಳುತ್ತಲೇ ಇದ್ದಳೆಂದು ಅದೇ ಬಸ್ಸಿನಲ್ಲಿದ್ದ ನಮ್ಮಮ್ಮ ಹೇಳುತ್ತಿದ್ದಳು.

ಬಾಳೆಎಲೆ ವ್ಯಾಪಾರಿಯ ಬಾಯಲ್ಲಿ ಆಗಾಗ ಸುದ್ದಿ ಬರುತ್ತಿತ್ತು. ಒಮ್ಮೆ, ಅಮ್ಮಯಮ್ಮ ಅಲ್ಲೇ ಹೂವು ಕಟ್ಟಿ ಮಾರುತ್ತಿದ್ದಾಳೆ ಎಂದ. ಇನ್ನೊಮ್ಮೆ, ಮೊಮ್ಮಗಳೊಬ್ಬಳು ಇದ್ದಾಳೆ ಎಂದ. ಮಗಳ ವಿಷಯ ಕೇಳಿದರೆ ಬೇರೆ ಕಡೆ ನೋಡುತ್ತಿದ್ದ.

ಲಕ್ಷ್ಮೀದೇವಮ್ಮ ಖಾಲಿ ಬಾಟಲಿಯನ್ನು ಮತ್ತೆ ತುಂಬಿಸಲು ಹಿಡಿದಳು. ಆ ಹೊತ್ತಿಗೆ ಕೂಪನ್ನಿನಿಂದ ಮದ್ರಾಸೂ ಹೋಗಿತ್ತು, ಕಂಚಿಯೂ ಹೋಗಿತ್ತು. ಉಳಿದದ್ದು ತಿರುಪತಿ ಒಂದೇ, ಅದಕ್ಕೂ ಐನೂರು. ಸಮುದ್ರದ ಆಸೆಯನ್ನು ಅವಳು ಬಿಟ್ಟುಬಿಟ್ಟಳು. ಆದರೆ ಕಂಚಿಯಿಂದ ತಿರುಪತಿಗೆ ಬೆಳಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಬರಬಹುದೆಂದು ವ್ಯಾಪಾರಿ ಹೇಳಿದ್ದ. ಅಷ್ಟು ಸಾಕಾಯಿತು. ಅವನ ಕೈಲೇ ಮಾತು ಕಳಿಸಿದಳು: ಸಂಕ್ರಾಂತಿ ಕಳೆದ ಮೊದಲ ಶನಿವಾರ ತಿರುಪತಿ ಬಸ್ ಸ್ಟ್ಯಾಂಡಿಗೆ ಬಾ.

ಹೀಗೆ ತೊಂಬತ್ತಾರರಲ್ಲಿ ಅವರಿಬ್ಬರೂ ಮತ್ತೆ ಸಿಕ್ಕಿದರು. ಅಮ್ಮಯಮ್ಮ ತುಂಬ ಇಳಿದುಹೋಗಿದ್ದಳು. ಸೊಂಟದ ಮೇಲೆ ದೊಡ್ಡ ಕಣ್ಣಿನ ಒಂದು ಹೆಣ್ಣು ಮಗು. ಜೊತೆಯವರೆಲ್ಲ ಬೆಟ್ಟ ಹತ್ತಲು ಹೋದರೂ ಲಕ್ಷ್ಮೀದೇವಮ್ಮ ಹೋಗಲಿಲ್ಲ. ಇಬ್ಬರೂ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತರು.

"ಮುನಿಲಕ್ಷ್ಮಿ ಎಲ್ಲಕ್ಕ?"

"ಹೋಗ್ಬಿಟ್ಳು ಕಣೆ. ನಾನು ಹೋದಾಗ್ಲೇ ಎದೆ ರೋಗ ತಿಂದ್ಹಾಕಿತ್ತು. ಗಂಡ ಅನ್ನೋನು ಬಿಟ್ಟು ಹೋಗಿದ್ದ. ಒಂದು ಲೋಟ ನೀರು ಕೊಡೋರಿರಲಿಲ್ಲ, ಈ ಮಗು ಪಕ್ಕದಲ್ಲಿ ಅಳ್ತಾ ಬಿದ್ದಿತ್ತು." ಅಮ್ಮಯಮ್ಮ ಮಗುವಿನ ಕೂದಲು ಸವರಿದಳು. "ಯುಗಾದಿವರೆಗೂ ಇದ್ಳು. ದಿನಾ ತಲೆ ಬಾಚ್ತಿದ್ದೆ. ಗಂಜಿ ಕುಡಿಸ್ತಿದ್ದೆ. ನನ್ನ ತೊಡೆ ಮೇಲೇ ಹೋದ್ಳು. ನೀನು ಆ ಚೀಟಿ ಕೊಡ್ದೆ ಇದ್ದಿದ್ರೆ ನನ್ನ ಮಗಳು ಅನಾಥೆ ಥರ ಹೋಗ್ತಿದ್ಳು."

ಲಕ್ಷ್ಮೀದೇವಮ್ಮ ಅವಳ ಕೈ ಹಿಡಿದು ಕರೆದಳು, "ಊರಿಗೆ ಬಾರಕ್ಕ."

"ಈ ಮಗೂನ ಕರ್ಕೊಂಡಾ? ಇದರ ಅಮ್ಮನ ಬಟ್ಟೇನ ತಿಪ್ಪೆಗೆ ಹಾಕಿದ ಮನೆಗಾ? ನನ್ನ ಕೈಲಾಗಲ್ಲ ಲಕ್ಷ್ಮೀ. ನೀನೇ ವರ್ಷ ವರ್ಷ ಇದೇ ಶನಿವಾರ ಇಲ್ಲಿಗೆ ಬಾ. ನಾನು ಬರ್ತೀನಿ."

ಊರಿಗೆ ಬಂದ ಮೇಲೆ ಲಕ್ಷ್ಮೀದೇವಮ್ಮ ತಾನಾಗಿಯೇ ಮುನಿರಾಮಯ್ಯನ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಹಗ್ಗ ಹೊಸೆಯುತ್ತಿದ್ದ. ಮಗಳು ಸತ್ತ ಮಾತು ಕೇಳಿ ಕೈ ನಿಂತಿತು. ಅವಳು ಎದ್ದು ಹೊರಡುವಾಗ, "ಮಗು ಯಾರ ಹಂಗಿದೆ?" ಎಂದ.

"ಮುನಿಲಕ್ಷ್ಮಿ ಹಂಗೇ ಅದೆ, ಅಣ್ಣ."

ಮುಂದಿನ ಸಂಕ್ರಾಂತಿಯ ಮಾರನೆಯ ದಿನ ಅವನು ಬಸ್ಸಿನ ಹತ್ತಿರ ಬಂದು ಒಂದು ಕಾಗದದ ಪೊಟ್ಟಣ ಅವಳ ಕೈಗಿಟ್ಟ. ಒಳಗೆ ದೊಡ್ಡಬಳ್ಳಾಪುರದಿಂದ ತರಿಸಿದ ರೇಷ್ಮೆ ಅಂಚಿನ ಒಂದು ಪುಟ್ಟ ಲಂಗ. "ಕೊಟ್ಬಿಡಮ್ಮ," ಎಂದವನೇ ತಿರುಗಿ ನಡೆದ.

ಶುಕ್ರವಾರ ಲಕ್ಷ್ಮೀದೇವಮ್ಮ, ಬಸ್ಸಿನವರೆಲ್ಲ ವರ್ಷವಿಡೀ ಕೊಟ್ಟು ತುಂಬಿಸಿದ ಕೂಪನ್ನಿನ ಗಂಟು, ಲಂಗದ ಪೊಟ್ಟಣ ಹಿಡಿದು ಕಲಾಸಿಪಾಳ್ಯದಲ್ಲಿ ಕೂತಳು. ಯಾತ್ರೆ ಬಸ್ಸು ನಿಲ್ಲುವ ಜಾಗ ಖಾಲಿಯಿತ್ತು. ಆಫೀಸಿನವನು, "ರಿಪೇರಿಗೆ ಹೋಗಿದೆ, ಬರುತ್ತೆ, ಕೂತಿರಿ," ಎಂದ. ಮಧ್ಯಾಹ್ನವೂ ಅದನ್ನೇ ಹೇಳಿದ. ಕೊನೆಗೆ ದೀಪ ಹಚ್ಚುವ ಹೊತ್ತಿಗೆ ಪಿಳ್ಳಣ್ಣ ವಿಚಾರಿಸಿಕೊಂಡು ಬಂದು ನಿಜ ಹೇಳಿದ. ಆದಿನಾರಾಯಣಪ್ಪ ಕೈಸೋತು ಯಾತ್ರೆ ಬಸ್ಸನ್ನು ಮಾರಿಬಿಟ್ಟಿದ್ದ. ಯಾತ್ರೆಯೂ ಇಲ್ಲ, ಕೂಪನ್ನೂ ಇಲ್ಲ. ಅವಳ ಚೀಲದಲ್ಲಿದ್ದದ್ದು ದಾರಿಯ ಊಟಕ್ಕಾಗುವಷ್ಟು ಚಿಲ್ಲರೆ. ಪಿಳ್ಳಣ್ಣ ತನ್ನ ಜೇಬಿನದನ್ನೂ ಸೇರಿಸಿ ಸರ್ಕಾರಿ ಬಸ್ಸಿನ ಸ್ಟ್ಯಾಂಡಿಗೆ ಕರೆದುಕೊಂಡು ಓಡಿದ. ಸಂಕ್ರಾಂತಿಯ ರಜೆಯ ಗದ್ದಲ, ತಿರುಪತಿಯ ಕಡೆಗೆ ಒಂದು ಸೀಟೂ ಇರಲಿಲ್ಲ.

"ಅವ್ಳು ಬಂದು ಕಾಯ್ತಾಳೆ ಕಣಪ್ಪ," ಎಂದು ಅವಳು ಅವನ ತೋಳು ಹಿಡಿದುಕೊಂಡಳು. "ಮಗೂನ ಎತ್ಕೊಂಡು ಸಾಯಂಕಾಲದವರೆಗೂ ಕಾಯ್ತಾಳೆ."

ಆಮೇಲೆ ಎಷ್ಟು ಹುಡುಕಿದರೂ ಬಾಳೆಎಲೆ ವ್ಯಾಪಾರಿ ಸಿಗಲಿಲ್ಲ. ಅವನು ಆ ಮಾರ್ಕೆಟ್ಟಿಗೆ ಬರುವುದನ್ನೇ ಬಿಟ್ಟಿದ್ದ. ಲಂಗವನ್ನು ವಾಪಸ್ಸು ತಂದುಕೊಟ್ಟಾಗ ಮುನಿರಾಮಯ್ಯ ತೆಗೆದು ಪೆಟ್ಟಿಗೆಯಲ್ಲಿಟ್ಟ. ಬೇಸಿಗೆಯಲ್ಲಿ ರಾಗಿ ಮಾರಿ, ಲಂಗದ ಪೊಟ್ಟಣ ಹಿಡಿದು ತಾನೇ ಕಂಚಿಗೆ ಹೊರಟ. ಜೀವಮಾನದಲ್ಲಿ ಕೋಲಾರ ದಾಟದ ಮನುಷ್ಯ, ಭಾಷೆ ಬರದ ಊರಿನಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಅಲೆದ. ಆ ಕೇರಿಯ ಗುಡಿಸಲುಗಳನ್ನೆಲ್ಲ ರಸ್ತೆಗಾಗಿ ಎಬ್ಬಿಸಿದ್ದರು. ಹೂವಿನವರನ್ನು ಕೇಳಿದ, ದೇವಸ್ಥಾನದ ಬಾಗಿಲಲ್ಲಿ ಕೇಳಿದ. ಯಾರಿಗೂ ಗೊತ್ತಿರಲಿಲ್ಲ.

ವಾಪಸ್ಸು ಬಂದವನು ತನ್ನ ಮನೆಗೆ ಹೋಗಲಿಲ್ಲ. ನೆಟ್ಟಗೆ ಅಪ್ಪಯ್ಯಣ್ಣನ ಜಗುಲಿಗೆ ಬಂದು ಕೂತ.

"ಸಿಗ್ಲಿಲ್ಲಮ್ಮ," ಎಂದ. "ಒಂದ್ಸಲ ನೋಡ್ಬೇಕಾಗಿತ್ತು."

ಲಕ್ಷ್ಮೀದೇವಮ್ಮ ಒಳಗಿನಿಂದ ನೀರು ತಂದುಕೊಟ್ಟು ಕಂಬಕ್ಕೆ ಒರಗಿ ಕೂತಳು. "ನನಗೆ ಒಂದ್ಸಲ ಅಮ್ಮಯಕ್ಕ ಸಿಕ್ಕಿದ್ಳಲ್ಲಣ್ಣ. ಸಾಯೋ ಮುಂಚೆ ನಿನ್ನ ಮಗಳಿಗೆ ಅವಳಮ್ಮ ಸಿಕ್ಕಿದ್ಳಲ್ಲ," ಎಂದಳು. ಮುನಿರಾಮಯ್ಯ ಲಂಗದ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಅತ್ತ. ಅಪ್ಪಯ್ಯಣ್ಣ ಹೊರಗೆ ಬಂದು ನೋಡಿ, ಅವನಿಗೂ ಮುದ್ದೆ ಹಾಕಲು ಹೆಂಡತಿಗೆ ಹೇಳಿ ಒಳಗೆ ಹೋದ.