ದೋಣಿಯ ಮುಂದಿನ ಸೀಟು

ನನ್ನ ಗಂಡನ ಅಣ್ಣನ ಹೆಂಡತಿಯನ್ನು ನಾನು ಎದುರಿಗೆ ಅಕ್ಕಾ ಎನ್ನುತ್ತೇನೆ. ಮನಸ್ಸಿನೊಳಗೆ ಮಾತ್ರ ಅವರು ವೈನಿ. ಅದು ನನ್ನ ಗಂಡ ಅತ್ತಿಗೆಯನ್ನು ಕರೆಯುವ ಹೆಸರು. ಆ ಎರಡಕ್ಷರ ಹೇಳುವಾಗ ಅವರ ದನಿ ತಾನಾಗಿ ಮೆತ್ತಗಾಗುತ್ತದೆ. ನನ್ನನ್ನು ಕರೆಯುವುದು ‘ಏ, ಎಲ್ಲಿದ್ದಿ?’ ಎಂದು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅದು ಮೆತ್ತಗಾದದ್ದು ನನಗೆ ನೆನಪಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುವವರು ನನ್ನನ್ನು ಒಳ್ಳೆಯ ಹೆಂಗಸು ಎಂದು ತಪ್ಪು ತಿಳಿಯಬಾರದು.

ದೋಣಿಯ ಹುಚ್ಚು ನನ್ನ ಗಂಡನದು. ಅವರ ಊರು ಕಮಲಾಪುರ. ಊರಾಚೆಗೊಂದು ಕೆರೆ ಇದೆ. ಹುಡುಗನಾಗಿದ್ದಾಗ ಅದರ ದಂಡೆಯ ಮೇಲೆ ಕೂತು ನಡುನೀರು ನೋಡಿದ್ದೇ ನೋಡಿದ್ದು, ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲವಂತೆ. ಐವತ್ತು ದಾಟಿದ ಮೇಲೆ ಆ ಆಸೆ ಎದ್ದು ಕೂತಿತು. ಕಂಪ್ಯೂಟರಿನಲ್ಲಿ ನಕ್ಷೆ ಹುಡುಕಿದರು. ಪ್ಲೈವುಡ್ ಕತ್ತರಿಸಿ, ಅಂಚುಗಳನ್ನು ತಾಮ್ರದ ತಂತಿಯಿಂದ ಬಟ್ಟೆಯ ಹಾಗೆ ಹೊಲಿದು, ಸಂದಿಗೆ ಎಪಾಕ್ಸಿ ಅಂಟು ತುಂಬಿ ಮಾಡುವ ಎರಡು ಸೀಟಿನ ದೋಣಿ. ನಾವಿರುವ ಗುಲ್ಬರ್ಗಾದ ರೋಜಾ ಬಡಾವಣೆಯ ಅಂಗಡಿಗೆ ನೀರು ತಡೆಯುವ ಪ್ಲೈವುಡ್ ಕೇಳಲು ಹೋದರೆ, ಅಂಗಡಿಯ ಸಾಹೇಬರು ಅಳತೆಯ ಟೇಪು ಕೆಳಗಿಟ್ಟರು.

“ಗುಲ್ಬರ್ಗಾ ಮೇ ಪೀನೇಕೂ ಪಾನಿ ನೈ, ನಾವ್ ಕಾಯ್ಕು ಸಾಬ್?” ಎಂದು ಕೇಳಿದರು. ಕುಡಿಯಲು ನೀರಿಲ್ಲದ ಊರಿಗೆ ದೋಣಿ ಯಾಕೆ ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೂ ನನ್ನ ಗಂಡ ನಾಲ್ಕು ಹಲಗೆ ಹೊರಿಸಿಕೊಂಡು ಬಂದರು.

ಶಹಾಬಜಾರದ ನಮ್ಮ ಮನೆಯ ಅಂಗಳದಲ್ಲಿ ಕೆಲಸ ಶುರುವಾಯಿತು. ನಾನು ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕಿ. ಅಳತೆ, ತೂಕ ನನ್ನ ಪಾಲಿಗೆ ಬಂದವು. ಮೊದಲ ದಿನವೇ ತಲೆಬಾಗಿಲಿನ ಅಗಲ ಅಳೆದೆ, ಓಣಿಯ ತಿರುವು ಅಳೆದೆ. ಆಮೇಲೇ ಅವರಿಗೆ ಗರಗಸ ಮುಟ್ಟಲು ಬಿಟ್ಟೆ. ಚಳಿಗಾಲದ ಸಂಜೆಗಳಲ್ಲಿ ಹಲಗೆಯ ಆಚೆ ಅವರು, ಈಚೆ ನಾನು ಕೂತು ತಂತಿ ಪೋಣಿಸಿದೆವು. ತೂತಿನಿಂದ ತಂತಿಯ ತುದಿ ಈ ಕಡೆ ಇಣುಕಿದರೆ ನಾನು ಹಿಡಿದು ಎಳೆಯಬೇಕು. ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ಹೊತ್ತು ಎದುರುಬದುರು ಕೂತದ್ದು ಅದೇ ಮೊದಲು.

“ಮುಂದಿನ ಸೀಟು ನಿಂದ,” ಎಂದಿದ್ದರು ಒಂದು ಸಂಜೆ. “ಮೊದಲನೇ ದಿನ ನೀನೇ ಕೂಡಬೇಕು.”

ಆ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಒಗ್ಗರಣೆ ಹಾಕುವಾಗ, ಬಸ್ಸಿಗೆ ಕಾಯುವಾಗ ನೆನೆಸಿಕೊಳ್ಳಲು ಇಟ್ಟುಕೊಂಡಿದ್ದೆ.

ಏಪ್ರಿಲಿನಲ್ಲಿ ವೈನಿ ಹಲ್ಲು ಕಟ್ಟಿಸಿಕೊಳ್ಳಲು ಕಮಲಾಪುರದಿಂದ ಬಂದರು. ಒಂದು ತಿಂಗಳ ಚಿಕಿತ್ಸೆ. ಕೆಂಪು ಬಾಳೆಹಣ್ಣಿನ ಗೊನೆಯನ್ನೇ ಹೊತ್ತು ಬಂದಿದ್ದರು. ಅಷ್ಟರಲ್ಲಿ ನಮ್ಮ ದೋಣಿ ಪೇಚಿಗೆ ಸಿಕ್ಕಿತ್ತು. ಸಂದಿ ತುಂಬಲು ಎಪಾಕ್ಸಿ ರಾಳಕ್ಕೆ ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಸೇರಿಸಿ, ಮರದ ಹಿಟ್ಟು ಕಲಸಿ, ಬೆಣ್ಣೆಯಷ್ಟು ಗಟ್ಟಿ ಮಾಡಿ ಬಳಿಯಬೇಕು. ನಮ್ಮೂರಿನ ಬಿಸಿಲಿಗೆ ಅದು ಅರ್ಧ ಬಳಿಯುವಷ್ಟರಲ್ಲಿ ಕಲ್ಲಾಗುತ್ತಿತ್ತು. ನನ್ನ ಗಂಡ ತುಂಬಿದ ಸಂದಿ ಬಾತ ಒಸಡಿನಂತೆ ಉಬ್ಬಿಕೊಂಡಿತ್ತು. ಅದನ್ನು ಉಜ್ಜಿ ಉಜ್ಜಿ ಅವರ ಭುಜ ಬಿದ್ದುಹೋಗಿತ್ತು.

ವೈನಿ ಎರಡು ದಿನ ಸುಮ್ಮನೆ ನೋಡಿದರು. ಮೂರನೆಯ ದಿನ ಬಾಯಿಯ ಹತ್ತಿ ತೆಗೆದು ಮಾತಾಡಿದರು.

“ಅಲ್ಲೋ, ಜ್ವಾಳದ ಹಿಟ್ಟು ಹತ್ತು ರೊಟ್ಟಿದು ಒಮ್ಮೆಲೆ ನಾದ್ತಾರೇನು? ನಾಲ್ಕನೇ ರೊಟ್ಟಿಗೇ ಹರೀತದ. ಒಂದೊಂದ ಮುಟಿಗಿ ನಾದಬೇಕು, ಬಡೀಬೇಕು. ಇದೂ ಹಂಗೇ ಅದ. ತುಸು ತುಸು ಕಲಸು.”

ಕೈಗವಸು ಹಾಕಿಕೊಂಡು ಕೂತೇಬಿಟ್ಟರು. ಮರದ ಹಿಟ್ಟನ್ನು ನನ್ನ ಅಡುಗೆಮನೆಯ ಸಾಣಿಗೆಯಲ್ಲಿ ಸೋಸಿದರು. ತುದಿ ದುಂಡಗೆ ಕತ್ತರಿಸಿದ ಪ್ಲೈವುಡ್ ಚೂರು ಹಿಡಿದು, ಒಂದೇ ಎಳೆತಕ್ಕೆ ಮೊಳದುದ್ದ ಸಂದಿ ನುಣ್ಣಗೆ ಮಾಡಿದರು. ಉಜ್ಜುವ ಕೆಲಸವೇ ಉಳಿಯಲಿಲ್ಲ. ನನ್ನ ಗಂಡ ಅದರ ಮೇಲೆ ಬೆರಳಾಡಿಸಿದರು, ಮತ್ತೊಮ್ಮೆ ಆಡಿಸಿದರು.

“ವೈನಿ, ನಿಮ್ಮ ಕೈ ಅಂದ್ರ ಕೈ ಬಿಡ್ರಿ!”

ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಮದುವೆಯಾಗಿ ಬಂದ ವರ್ಷ ಬಡಿದದ್ದು ಭಾರತದ ನಕ್ಷೆಯಾಗಿತ್ತು. ಅದನ್ನು ಇವತ್ತಿಗೂ ಕಮಲಾಪುರದ ಮನೆಯಲ್ಲಿ ಹೇಳಿಕೊಂಡು ನಗುತ್ತಾರೆ. ನೌಕರಿಯ ನೆಪ ಹೇಳಿ ರೊಟ್ಟಿಯನ್ನು ಓಣಿಯ ಅಂಗಡಿಯಿಂದ ತರಿಸಿ ಇಷ್ಟು ವರ್ಷ ಮಾನ ಕಾಪಾಡಿಕೊಂಡಿದ್ದೆ. ಈಗ ದೋಣಿಯೊಳಗೂ ರೊಟ್ಟಿ ಬಂದು ಕೂತಿತು. ನನ್ನ ಕೆಲಸ ತಕ್ಕಡಿಯ ಮುಂದೆ ಕೂತು ಸಣ್ಣ ಬಟ್ಟಲಿಗೆ ಇಷ್ಟು ರಾಳ, ಅದರ ಅರ್ಧ ಹಾರ್ಡ್‌ನರ್ ತೂಗಿ ಕೊಡುವುದು ಮಾತ್ರ. ಪ್ರಯೋಗಾಲಯದ ಚಾಳಿಯಂತೆ ಪ್ರತಿ ಬಟ್ಟಲಿಗೂ ಕಾಗದದ ಪಟ್ಟಿ ಅಂಟಿಸಿ ಎರಡೂ ತೂಕ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೆ. ಆ ಬರಹವನ್ನು ಯಾರೂ ಹೊಗಳಲಿಲ್ಲ.

ಒಂದು ವಾರ ಕಳೆದ ಮೇಲೆ, ಚಹಾ ಕುಡಿಯುತ್ತ ನನ್ನ ಗಂಡ ಹೇಳಿದರು: “ವೈನಿ, ಮೊದಲನೇ ಸುತ್ತು ನಿಮ್ದೇ. ಮುಂದಿನ ಸೀಟಿನ್ಯಾಗ ಕೂಡ್ರಿಸಿಕೊಂಡು ನಡುನೀರು ತೋರಸ್ತೀನಿ.”

ನನ್ನ ಕಡೆ ತಿರುಗಿ ನೋಡಲೂ ಇಲ್ಲ. ಕೊಟ್ಟ ಮಾತು ಮರೆತಿದ್ದರು. ಮರೆತದ್ದಕ್ಕೆ ಜಗಳ ತೆಗೆಯಬಹುದಿತ್ತು. ಆದರೆ ದೋಣಿಯ ಸೀಟಿಗಾಗಿ ನಲವತ್ತೇಳು ವರ್ಷದ ಹೆಂಗಸು ಅತ್ತಳು ಎಂಬ ಕತೆ ಭಾರತದ ನಕ್ಷೆಯ ಜೊತೆಗೆ ಸೇರಿಕೊಳ್ಳುತ್ತಿತ್ತು. ಕಪ್ಪು ಎತ್ತಿಕೊಂಡು ಒಳಗೆ ಹೋದೆ.

ಕೊನೆಯ ಒಂದು ಉದ್ದ ಸಂದಿ ಬಾಕಿ ಇತ್ತು, ಅದೂ ಮುಂದಿನ ಸೀಟಿನ ಕೆಳಗೆ. ಅವತ್ತು ಸೋಮವಾರ. ವೈನಿ ಶರಣಬಸವೇಶ್ವರರ ಗುಡಿಗೆ ಹೋಗಿದ್ದರು. ನನ್ನ ಗಂಡ ದೋಣಿಗೆ ಹೊದಿಸುವ, ಫೈಬರ್‌ಗ್ಲಾಸ್ ಎಂಬ ಗಾಜಿನ ಬಟ್ಟೆಯ ಪಾರ್ಸೆಲ್ ತರಲು ಸ್ಟೇಷನ್ನಿಗೆ ಹೋಗಿದ್ದರು. ಮನೆಯಲ್ಲಿ ನಾನು ಮತ್ತು ದೋಣಿ. ಅವರಿಬ್ಬರೂ ಬರುವಷ್ಟರಲ್ಲಿ ಆ ಸಂದಿ ನನ್ನ ಕೈಯಿಂದಲೇ ಮುಗಿದಿರಬೇಕು ಎನ್ನಿಸಿತು. ಮುಟಿಗೆ ಮುಟಿಗೆ ಕಲಸುವುದು ವೈನಿಯ ಪದ್ಧತಿ. ಅದನ್ನು ನಾನೇಕೆ ಅನುಸರಿಸಲಿ? ದೊಡ್ಡ ಪ್ಲಾಸ್ಟಿಕ್ ಬೋಗುಣಿ ತೆಗೆದುಕೊಂಡೆ. ಆರುನೂರು ಗ್ರಾಂ ರಾಳ, ಮುನ್ನೂರು ಹಾರ್ಡ್‌ನರ್. ಪಟ್ಟಿ ಅಂಟಿಸಿ ಬರೆದೆ. ಉಳಿದಿದ್ದ ರಾಳ ಅಷ್ಟೇ.

ಒಂದು ಗೇಣು ಬಳಿದಿರಬೇಕು. ಬೋಗುಣಿ ಹಿಡಿದ ಕೈಗೆ ಬಿಸಿ ತಾಗಿತು. ನೋಡಿದರೆ ಹೊಗೆ; ಒಟ್ಟಿಗೆ ಕಲಸಿದ ಅಷ್ಟೂ ರಾಳ ತಾನೇ ಕಾಯ್ದಿತ್ತು. ನಡುವೆ ಕುದಿ ಬಂದಂತೆ ಗುಳ್ಳೆ, ಮೂಗು ಸುಡುವ ವಾಸನೆ. ತಕ್ಷಣ ಬಿಡಲಿಲ್ಲ, ಅಷ್ಟು ಬೆಲೆಯ ಮಾಲು ಎಂದು ಇನ್ನೊಂದಿಷ್ಟು ತೋಡಲು ನೋಡಿದೆ. ತೆಳ್ಳನೆಯ ಕೈಗವಸು ದಾಟಿ ಅಂಗೈ ಸುಟ್ಟಿತು. ಬೋಗುಣಿ ಕೈತಪ್ಪಿ ಬಿದ್ದು ಸೊಟ್ಟಗಾಯಿತು, ಒಳಗಿನ ರಾಳ ಕಲಸುವ ಚಮಚ ನೆಟ್ಟಗೆ ನಿಂತಂತೆಯೇ ಕಲ್ಲಾಯಿತು. ನಾನು ಬಳಿದ ಗೇಣುದ್ದ ಜಾಗ ಕೋಳಿ ಕೆದರಿದ ಹಾಗೆ ಇತ್ತು.

ಗುಡಿಯಿಂದ ಬಂದ ವೈನಿ ಎಲ್ಲ ನೋಡಿದರು. ಬೋಗುಣಿ ತಣ್ಣಗಾಗಲೆಂದು ಬಾಗಿಲ ಹೊರಗೆ ಎರಡು ಇಟ್ಟಿಗೆಯ ಮೇಲಿಟ್ಟರು. ನನ್ನ ಗಂಡ ಪಾರ್ಸೆಲ್ ಹೊತ್ತು ಬಂದಾಗ, ನಾನು ಬಾಯಿ ತೆರೆಯುವ ಮೊದಲೇ ವೈನಿ ಮುಂದೆ ಬಂದರು.

“ನನ್ನಿಂದ ತಪ್ಪಾತಪ್ಪ. ಒಮ್ಮೆಲೆ ಮುಗಿಸಿಬಿಡೋಣಂತ ಎಲ್ಲಾ ಕಲಸಿಬಿಟ್ಟೆ.”

ನನ್ನ ಗಂಡ ಪಾರ್ಸೆಲ್ ಕೆಳಗಿಟ್ಟರು. ಆಮೇಲೆ ಆ ಮೆತ್ತನೆಯ ದನಿಯಲ್ಲೇ ಹೇಳಿದರು: “ಹೋಗ್ಲಿ ಬಿಡ್ರಿ ವೈನಿ. ರಾಳ ಇನ್ನೊಂದು ತರೋಣ. ಕೈ ಸುಟ್ಟಿಲ್ಲಲ್ಲ?”

ನಾನು ಸುಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದೆ. ನಾನೇ ಎಂದು ಹೇಳಬೇಕಿತ್ತು. ಹೇಳಲಿಲ್ಲ. ನನಗೆ ನಾಚಿಕೆಯಾಗಿತ್ತೆ? ಆಗಿತ್ತು. ಆದರೆ ಅದಕ್ಕಿಂತ ಹೆಚ್ಚು ಉರಿ ಎದ್ದಿತ್ತು. ನಾನೆಂದು ಗೊತ್ತಾಗಿದ್ದರೆ ಹೀಗೆ ಹೇಳುತ್ತಿದ್ದರೆ? ‘ನಿನಗ ಬುದ್ಧಿ ಅದನೋ ಇಲ್ಲೋ’ ಎಂದು ಓಣಿಗೆ ಕೇಳುವಂತೆ ಕೂಗುತ್ತಿದ್ದರು. ಮರುದಿನ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಸುಟ್ಟ ಗಾಯದ ಮುಲಾಮು ಬಂದು ಕೂತಿತ್ತು. ವೈನಿಗಾಗಿ ಎಷ್ಟು ಕಾಳಜಿ ನೋಡು ಎಂದು ಹಲ್ಲು ಕಚ್ಚಿದೆ. ಕದ್ದು ಹಚ್ಚಿಕೊಂಡೆ.

ತಿಂಗಳು ಮುಗಿದು ವೈನಿ ಹೊಸ ಹಲ್ಲಿನೊಂದಿಗೆ ಊರಿಗೆ ಹೋದರು. ಹೋಗುವ ಮೊದಲು ಹೊಸ ರಾಳದಲ್ಲಿ ಉಳಿದ ಸಂದಿ ತುಂಬಿ ಹೋದರು. ಗಾಜಿನ ಬಟ್ಟೆ ಹೊದಿಸಿದ್ದು, ಬಣ್ಣ ಬಳಿದದ್ದು ನಾವಿಬ್ಬರೇ. ಆದರೂ ನೋಡಲು ಬಂದವರಿಗೆಲ್ಲ ನನ್ನ ಗಂಡ ತೋರಿಸುತ್ತಿದ್ದದ್ದು ವೈನಿಯ ಸಂದಿ.

ಶ್ರಾವಣ ಕಳೆದು ಕೆರೆಗೆ ನೀರು ಬಂತು. ದೋಣಿ ನನ್ನ ಅಳತೆಯಂತೆಯೇ ಬಾಗಿಲು ದಾಟಿತು, ಓಣಿಯ ತಿರುವಿನಲ್ಲಿ ಎರಡು ಬೆರಳು ಉಳಿಸಿಕೊಂಡು ತಿರುಗಿತು. ಟೆಂಪೊ ಏರಿ ಕಮಲಾಪುರ ಮುಟ್ಟಿತು. ದಂಡೆಯಲ್ಲಿ ಭಾವನವರು ಬಾಳೆಹಣ್ಣಿನ ಚೀಲ ಹಿಡಿದು ನಿಂತಿದ್ದರು. ವೈನಿ ತೇಲುವ ಜಾಕೆಟ್ ತೊಟ್ಟು, ಸೀರೆ ಎತ್ತಿ ಸಿಕ್ಕಿಸಿಕೊಂಡು ಬಂದರು. ದೋಣಿ ನೀರಿನಲ್ಲಿ ಹಗುರಾಗಿ ಅಲುಗುತ್ತಿತ್ತು. ವೈನಿ ಒಳಗೆ ಒಂದು ಕಾಲಿಟ್ಟರು.

ನನ್ನಿಂದ ತಡೆಯಲಾಗಲಿಲ್ಲ.

“ರೀ, ಆ ರಾಳ ಕೆಡಿಸಿದಾಕಿ ನಾನು. ಅಕ್ಕ ಅಲ್ಲ.”

ನನ್ನ ಗಂಡ ಹಗ್ಗ ಬಿಚ್ಚುತ್ತಲೇ ಇದ್ದರು. “ಗೊತ್ತದ,” ಎಂದರು.

“ಯಾವಾಗಿಂದ?”

“ಅವತ್ತೇ. ಒಳಗ ಬರುವಾಗ ಬಾಗಿಲದಾಗ ಬೋಗುಣಿ ಇತ್ತು. ಆರುನೂರು, ಮುನ್ನೂರು ಅಂತ ಬರದಿತ್ತು. ನಿನ್ನ ಅಕ್ಷರ ನನಗ ಗುರ್ತ ಹತ್ತೂದಿಲ್ಲೇನು? ಮ್ಯಾಲ ನೀನು ಕೈ ಸೆರಗಿನ್ಯಾಗ ಮುಚ್ಚಿಕೊಂಡು ನಿಂತಿದ್ದಿ.”

ಹಾಗಾದರೆ ‘ಹೋಗ್ಲಿ ಬಿಡ್ರಿ’ ಎಂದದ್ದು ನನಗೆ. ‘ಕೈ ಸುಟ್ಟಿಲ್ಲಲ್ಲ’ ಎಂದು ಕೇಳಿದ್ದು ನನ್ನ ಕೈಯನ್ನು. ಮುಲಾಮು ನನಗೇ ತಂದದ್ದು. ನಾಲ್ಕು ತಿಂಗಳು ನಾನು ಉರಿದುಕೊಂಡದ್ದು ನನಗೆ ಬಂದ ಮಾತಿಗೇ. ಅಳು ಬಂತು. ಅದನ್ನು ನುಂಗಿಕೊಂಡು ವೈನಿಯ ಕಡೆ ತಿರುಗಿದೆ.

“ನಿಮಗೂ ಗೊತ್ತಿತ್ತೇನಕ್ಕಾ, ಇವರಿಗೆ ಗೊತ್ತಾಗ್ಯದ ಅಂತ?”

“ಅವನ ಕಣ್ಣು ಬೋಗುಣಿ ಮ್ಯಾಲ ಹೋದದ್ದು ನಾ ನೋಡಿದ್ನೆವ್ವಾ,” ಎಂದರು ವೈನಿ, ಹೊಸ ಹಲ್ಲು ತೋರಿಸಿ ನಗುತ್ತ. “ಅವನೂ ಸುಮ್ಮನಾದ, ನಾನೂ ಸುಮ್ಮನಾದೆ.”

ಅಳು ಅಲ್ಲಿಗೇ ನಿಂತಿತು. ಒಂದು ಮಾತೂ ಆಡದೆ ಇಬ್ಬರೂ ಸೇರಿ ನನ್ನನ್ನು ಕಾಪಾಡಿದ್ದರು, ನನಗೆ ಮಾತ್ರ ಏನೂ ಗೊತ್ತಿರಲಿಲ್ಲ. ಮತ್ತೆ ಹೊಟ್ಟೆ ಉರಿಯಿತು. ವೈನಿ ಹೋಗಿ ನನ್ನ ಸೀಟಿನಲ್ಲಿ ಕೂತರು. ನಾನು ದಂಡೆಯಲ್ಲಿ ನಿಂತು ಭಾವನವರು ಸುಲಿದು ಕೊಟ್ಟ ಹಣ್ಣು ತಿನ್ನುತ್ತ ಲೆಕ್ಕ ಇಟ್ಟೆ. ಒಂದು ಸುತ್ತು ಎಂದು ಹೋದವರು ಎರಡು ಸುತ್ತು ಹಾಕಿದರು. ನಡುನೀರಿನಲ್ಲಿ ವೈನಿ ಏನೋ ಹೇಳಿ ನಕ್ಕದ್ದು ಕೇಳಿಸಿತು, ಮಾತು ಕೇಳಿಸಲಿಲ್ಲ.

ದಂಡೆಗೆ ಬಂದಾಗ ಇಳಿಯಲು ವೈನಿ ನನ್ನ ಕಡೆ ಕೈ ಚಾಚಿದರು. ಹಿಡಿದೆ. ಹಂಚಿನ ಬಿಸಿಗೆ ದಪ್ಪಗಾದ ಅಂಗೈ. ಇಳಿದ ಮೇಲೂ ನಾನು ಬಿಟ್ಟಿರಲಿಲ್ಲ.

“ಕೈ ಬಿಡವ್ವಾ. ಹೋಗು, ನಿನ್ನ ಪಾಳಿ,” ಎಂದರು.

ಮುಂದಿನ ಸೀಟಿನಲ್ಲಿ ಕೂತು, ಕಾಲ ಬಳಿ ಕೈ ಹಾಕಿ ತಡವಿದೆ. ಬಣ್ಣದ ಕೆಳಗೆ ಗೇಣುದ್ದ ಒರಟು ಹಾಗೇ ಇತ್ತು. ಅದನ್ನು ಯಾರೂ ಉಜ್ಜಿರಲಿಲ್ಲ. ಅದು ದಾಟಿದ್ದೇ ವೈನಿಯ ನುಣುಪು ಶುರುವಾಗುತ್ತಿತ್ತು.

“ಅವರಿಗೆ ಎರಡು ಸುತ್ತು ಹಾಕಿಸೀರಿ,” ಎಂದೆ. “ನನಗ ಮೂರು.”

ನನ್ನ ಗಂಡ ನಗದೆ ಹುಟ್ಟು ಹಾಕಿದರು. ಎರಡನೆಯ ಸುತ್ತಿಗೆ ಅವರ ತೋಳು ಸೋತವು. ಮೂರನೆಯದನ್ನು ನಾನೇ ಹಾಕಿದೆ.